ರಾಘುವಿಗೆ, ಎರಡನೇ ಮಗುವಿನ ವಿಷಯವಾಗಿ

ಮೈಸೂರು

ಪ್ರೀತಿಯ ರಾಘು,

ನೀನು ಗೌರಿ ಬಾಗಿನ ಕೊಟ್ಟು ಹೋಗಿ ಹತ್ತು ದಿನವಾಯಿತು. ಅವತ್ತೇ ಹೇಳಬೇಕಾಗಿದ್ದ ಮಾತು ಇದು. ಕಾಫಿ ಕುಡಿಯುತ್ತಾ ನೀನು, "ಅತ್ತೆ, ಇಷ್ಟು ವರ್ಷ ಜೂವಾಲಜಿ ಪಾಠ ಮಾಡಿದವರು ನೀವು, ಹೆರೋದು ಹೆಣ್ಣಿನ ಪ್ರಕೃತಿ ಅಲ್ವಾ, ಇನ್ನೊಂದು ಬೇಗ ಆಗಿಬಿಟ್ಟರೆ ಎರಡೂ ಜೊತೆಗೇ ಬೆಳೆದುಕೊಳ್ಳುತ್ತವೆ, ಇವಳಿಗೆ ಸ್ವಲ್ಪ ಬುದ್ಧಿ ಹೇಳಿ" ಅಂದೆ. ಕಾವ್ಯ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೀನು ನೋಡಲಿಲ್ಲ. ನಾನು ನೋಡಿದೆ. ಅವಳ ಎದುರಿಗೇ ನಿನಗೆ ಹೇಳಿದರೆ ನೀನು ಮನೆಗೆ ಹೋಗಿ ಅದನ್ನು ಅವಳ ಮೇಲೆ ಹಾಕುತ್ತೀಯೇನೋ ಅನ್ನಿಸಿ ಸುಮ್ಮನಾದೆ. ಸುಮ್ಮನಾಗಿದ್ದು ತಪ್ಪು ಅಂತ ಆಮೇಲೆ ದಿನವೂ ಅನ್ನಿಸಿದೆ.

ಪ್ರಕೃತಿ ಅಂದೆಯಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ನಾನು ಓದಿದ್ದೂ ಅದನ್ನೇ, ಕಲಿಸಿದ್ದೂ ಅದನ್ನೇ.

ನಿನಗೆ ನೆನಪಿದೆಯಾ, ಮಂಡ್ಯದ ಮನೆಯಲ್ಲಿ ಅಲಸಂದೆ ಡಬ್ಬಿಗೆ ಹುಳ ಬಿದ್ದಿತ್ತು. ನಿನಗೆ ಆಗ ಏಳೋ ಎಂಟೋ ವರ್ಷ. ಒಂದೊಂದು ಕಾಳಿನಲ್ಲೂ ಗುಂಡಗೆ ತೂತು. ಅಜ್ಜಿ ಬಯ್ಯುತ್ತಾ ಮೊರದಲ್ಲಿ ಕೇರುತ್ತಿದ್ದರು, ನಾನು ನಿನ್ನ ಕೈಗೆ ಲೆನ್ಸ್ ಕೊಟ್ಟು ಕೂರಿಸಿದ್ದೆ. ಒಂದು ಹುಳ ಇನ್ನೊಂದನ್ನು ಹಿಂಗಾಲಿನಿಂದ ಒದೆಯುತ್ತಿರುವುದನ್ನು ನೋಡಿ, "ಅತ್ತೆ, ಜಗಳ ಆಡ್ತಾವೆ" ಅಂದಿದ್ದೆ. ಅದು ಜಗಳವೇ ಕಣೋ. ಒದೆಯುತ್ತಿದ್ದದ್ದು ಹೆಣ್ಣು. ಆ ಜಾತಿಯ ಗಂಡಿನ ಜನನಾಂಗದ ತುಂಬಾ ಮುಳ್ಳುಗಳಿರುತ್ತವೆ. ಕೂಡುವಾಗ ಆ ಮುಳ್ಳುಗಳು ಹೆಣ್ಣಿನ ಒಳಗೆ ಗಾಯ ಮಾಡುತ್ತವೆ. 2000ನೇ ಇಸವಿಯಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ಇಬ್ಬರು ಸಂಶೋಧಕರು ಇದನ್ನು ಪರೀಕ್ಷೆ ಮಾಡಿ ತೋರಿಸಿದರು. ಹೆಣ್ಣಿಗೆ ಒದೆಯಲು ಆಗದಂತೆ ಮಾಡಿದರೆ ಕೂಡುವ ಹೊತ್ತು ಉದ್ದವಾಗುತ್ತಿತ್ತು, ಗಾಯವೂ ದೊಡ್ಡದಾಗುತ್ತಿತ್ತು. ಒಂದು ಸಲ ಕೂಡಿದ ಹೆಣ್ಣಿಗಿಂತ ಎರಡು ಸಲ ಕೂಡಿದ ಹೆಣ್ಣು ಬೇಗ ಸಾಯುತ್ತಿತ್ತು.

ಹಾಗಿದ್ದರೆ ಆ ಮುಳ್ಳು ಉಳಿದುಕೊಂಡಿದ್ದು ಯಾಕೆ? ಉದ್ದ ಮುಳ್ಳಿನ ಗಂಡಿಗೆ ಜಾಸ್ತಿ ಮರಿಗಳು ಹುಟ್ಟುತ್ತವೆ, ಅದಕ್ಕೆ. ಹೆಣ್ಣಿನ ಆಯಸ್ಸು ಕಡಿಮೆಯಾದರೆ ಆ ಗಂಡಿಗೇನೂ ನಷ್ಟವಿಲ್ಲ, ಅವನು ನಾಳೆ ಬೇರೆ ಕಾಳಿನ ಮೇಲೆ ಬೇರೆ ಹೆಣ್ಣಿನ ಜೊತೆ ಇರುತ್ತಾನೆ. ಅವನಿಗೆ ದ್ವೇಷವೂ ಇಲ್ಲ, ಉದ್ದೇಶವೂ ಇಲ್ಲ. ಲಾಭ ಇಬ್ಬರಿಗೂ ಬರುತ್ತದೆ, ಖರ್ಚು ಮಾತ್ರ ಒಬ್ಬಳ ಮೈಮೇಲೆ ಬೀಳುತ್ತದೆ. ಜೆಫ್ರಿ ಪಾರ್ಕರ್ ಅನ್ನುವ ಇಂಗ್ಲೆಂಡಿನ ವಿಜ್ಞಾನಿ ಹಸುವಿನ ಸಗಣಿ ಮೇಲೆ ಕೂರುವ ನೊಣಗಳನ್ನು ವರ್ಷಗಟ್ಟಲೆ ನೋಡಿ 1979ರಲ್ಲಿ ಬರೆದಿದ್ದು ಇದನ್ನೇ. ಸಂತಾನದ ವಿಷಯದಲ್ಲಿ ಗಂಡಿಗೆ ಒಳ್ಳೆಯದಾಗುವುದೇ ಹೆಣ್ಣಿಗೂ ಒಳ್ಳೆಯದು ಅಂತ ನಾವು ಸುಮ್ನೆ ಅಂದುಕೊಂಡಿರುತ್ತೇವೆ, ಎಷ್ಟೋ ಸಲ ಅದು ಹಾಗಿರುವುದಿಲ್ಲ. ಆ ನೊಣಗಳಲ್ಲಿ ಗಂಡುಗಳು ಒಂದರ ಮೇಲೊಂದು ಬಿದ್ದು ಕಾದಾಡುವಾಗ ಅಡಿಯಲ್ಲಿ ಸಿಕ್ಕ ಹೆಣ್ಣು ಹಸಿ ಸಗಣಿಯಲ್ಲೇ ಮುಳುಗಿ ಸಾಯುವುದೂ ಉಂಟು.

ಇದೆಲ್ಲ ಹುಳದ ಮಾತು ಅಂತ ಬಿಟ್ಟುಬಿಡಬೇಡ. ನಮ್ಮ ನಾಡಿನದೇ ಒಂದು ಕಥೆ ಇದೆ. 1962ರಲ್ಲಿ ಯುಕಿಮಾರು ಸುಗಿಯಾಮ ಅನ್ನುವ ಜಪಾನಿನ ವಿದ್ವಾಂಸರು ನಮ್ಮ ಧಾರವಾಡದ ಸುತ್ತಮುತ್ತಲ ಕಾಡಿನಲ್ಲಿ ಮುಸುವಗಳ ಹಿಂದೆ ತಿರುಗುತ್ತಿದ್ದರು. ನೀನು ಬಂಡೀಪುರದಲ್ಲಿ ನೋಡಿದ್ದೀಯಲ್ಲ, ಕಪ್ಪು ಮುಖದ, ಉದ್ದ ಬಾಲದ ಕೋತಿ, ಅದೇ. ಹೊರಗಿನಿಂದ ಬಂದ ಗಂಡುಗಳು ಒಂದು ಗುಂಪಿನ ಮೇಲೆ ಬಿದ್ದು, ಹಳೆಯ ಯಜಮಾನನನ್ನು ಓಡಿಸಿ, ಅವುಗಳಲ್ಲಿ ಒಂದು ಆ ಗುಂಪನ್ನು ಹಿಡಿದುಕೊಂಡಿತು. ಆಮೇಲೆ ಗುಂಪಿನ ಹಾಲು ಕುಡಿಯುವ ಮರಿಗಳು ಒಂದೊಂದಾಗಿ ಸತ್ತವು. ಹೊಸ ಗಂಡು ಕಚ್ಚಿ ಸಾಯಿಸಿತ್ತು. ಮೊದಮೊದಲು ಜಾಸ್ತಿ ಜನ ಇದನ್ನು ನಂಬಲಿಲ್ಲ, ಜಾಗ ಸಾಲದೆ ಪ್ರಾಣಿಗಳಿಗೆ ತಲೆಕೆಟ್ಟಿದೆ ಅಂದರು. ಅಮೆರಿಕದ ಸಾರಾ ಹರ್ಡಿ ಅದೇ ಅನುಮಾನ ಇಟ್ಟುಕೊಂಡು 1971ರಿಂದ ರಾಜಸ್ಥಾನದ ಮೌಂಟ್ ಅಬುವಿನಲ್ಲಿ ಮುಸುವಗಳನ್ನು ನೋಡುತ್ತಾ ಕೂತರು. ನೋಡ್ತಾ ನೋಡ್ತಾ ಅವರ ಅಭಿಪ್ರಾಯವೇ ಬದಲಾಯಿತು. ಹಾಲೂಡಿಸುವ ತಾಯಿ ಬೆದೆಗೆ ಬರುವುದಿಲ್ಲ. ಮರಿ ಸತ್ತರೆ ಬೇಗ ಬರುತ್ತಾಳೆ. ಹೊಸ ಗಂಡಿಗೆ ಆ ಗುಂಪಿನಲ್ಲಿ ಸಿಗುವ ಕಾಲ ಸ್ವಲ್ಪ, ಅಷ್ಟರಲ್ಲಿ ತನ್ನ ಮರಿ ಆಗಬೇಕು. ಹೆಣ್ಣೂ ಸುಮ್ಮನೆ ಕೂರುವುದಿಲ್ಲ. ಹಲವು ಗಂಡುಗಳ ಜೊತೆ ಕೂಡುತ್ತಾಳೆ, ಬಸಿರಾಗಿದ್ದಾಗಲೂ ಕೂಡುತ್ತಾಳೆ, ಮರಿ ಯಾರದು ಅಂತ ಯಾವ ಗಂಡಿಗೂ ಖಚಿತವಾಗದಂತೆ. ತನ್ನದೇ ಇರಬಹುದು ಅನ್ನಿಸುವ ಮರಿಯನ್ನು ಗಂಡು ಮುಟ್ಟುವುದಿಲ್ಲ ಅಂತ ಹರ್ಡಿ ಅದನ್ನು ವಿವರಿಸಿದರು.

ನಿನ್ನನ್ನು ಆ ಗಂಡು ಮುಸುವಕ್ಕೆ ಹೋಲಿಸುತ್ತಿಲ್ಲ ಮಗನೇ. ನಿನ್ನ ಮಗಳಿಗೆ ಜ್ವರ ಬಂದರೆ ರಾತ್ರಿಯೆಲ್ಲ ತೋಳಿನ ಮೇಲೆ ಮಲಗಿಸಿಕೊಳ್ಳುವವನು ನೀನು, ನನಗೆ ಗೊತ್ತು. ಆದರೆ ಆ ಮುಸುವಗಳು ಕಾದಾಡುತ್ತಿದ್ದದ್ದು ಯಾವುದಕ್ಕೆ ಅಂತ ನೋಡು. ಒಂದು ಮರಿಗೂ ಇನ್ನೊಂದು ಮರಿಗೂ ನಡುವಿನ ಅಂತರಕ್ಕೆ. ಗಂಡಿಗೆ ಈಗಲೇ ಬೇಕು. ತಾಯಿಗೆ ಕೈಯಲ್ಲಿರುವ ಮರಿ ದೊಡ್ಡದಾಗಲು ಹೊತ್ತು ಬೇಕು. ನಿನ್ನ ಮಗಳಿಗೆ ಈಗ ಎಂಟು ತಿಂಗಳು.

ಇನ್ನೊಂದು ವಿಷಯ ಬಹಳ ದಿನದಿಂದ ಮನಸ್ಸಿನಲ್ಲಿದೆ. ಕಾವ್ಯಳಿಗೆ ಏಳನೇ ತಿಂಗಳಿನಲ್ಲಿ ಸಕ್ಕರೆ ಅಂಶ ಜಾಸ್ತಿ ಬಂದಾಗ ಮನೆಯಲ್ಲಿ ಎಲ್ಲರೂ ಏನಂದರು? ಮಾವಿನಹಣ್ಣು ತಿಂದಳು, ಸೀಮಂತದ ಸಿಹಿ ತಿಂದಳು, ನಾಲಿಗೆ ಹಿಡಿತ ಇಲ್ಲ. ಅತ್ತಿಗೆ, ಅದೇ ನಿಮ್ಮಮ್ಮ, ಅಂದಿದ್ದು ನನ್ನ ಕಿವಿಗೂ ಬಿತ್ತು. ನೀನೂ ನಕ್ಕೆ. ಆ ಹುಡುಗಿ ಆಮೇಲೆ ತಿಂಗಳುಗಟ್ಟಲೆ ರಾಗಿ ಮುದ್ದೆಯನ್ನೂ ಹೆದರಿ ಹೆದರಿ ತಿಂದಳು.

ಒಳಗೆ ನಡೆದದ್ದೇ ಬೇರೆ. ಮಾಸು ಇದೆಯಲ್ಲ, ಹೆರಿಗೆ ಆದಮೇಲೆ ಬೀಳುವುದು, ಅದನ್ನು ಕಟ್ಟುವುದು ತಾಯಿಯಲ್ಲ, ಮಗು. ಅಂದರೆ ಅದರಲ್ಲಿ ಅರ್ಧ ನಿನ್ನ ಜೀನ್‌ಗಳೇ. ಆ ಮಾಸಿನ ಜೀವಕೋಶಗಳು ತಾಯಿಯ ಗರ್ಭಕೋಶದ ರಕ್ತನಾಳಗಳಿಗೆ ನುಗ್ಗಿ, ಅವಳು ಬೇಕೆಂದರೂ ಅವುಗಳನ್ನು ಬಿಗಿ ಮಾಡಲಾಗದಂತೆ ಬದಲಾಯಿಸಿಬಿಡುತ್ತವೆ. ಮಾಸು ಹಾರ್ಮೋನುಗಳನ್ನೂ ಸುರಿಯುತ್ತದೆ. ಅವು ತಾಯಿಯ ಇನ್ಸುಲಿನ್ ಕೆಲಸವನ್ನು ಮೊಂಡು ಮಾಡುತ್ತವೆ, ಸಕ್ಕರೆ ಅವಳ ರಕ್ತದಲ್ಲಿ ಹೆಚ್ಚು ಹೊತ್ತು ನಿಂತು ಮಗುವಿಗೆ ಹೆಚ್ಚು ಸಿಗಲಿ ಅಂತ. ಅದಕ್ಕೆ ಎದುರಾಗಿ ತಾಯಿಯ ಮೈ ಇನ್ನೂ ಜಾಸ್ತಿ ಇನ್ಸುಲಿನ್ ಮಾಡುತ್ತದೆ. ಇಬ್ಬರೂ ಎಳೆಯುತ್ತಾರೆ, ಬಹಳ ಜನರಲ್ಲಿ ಹಗ್ಗ ನಡುವೆ ನಿಲ್ಲುತ್ತದೆ. ಕೆಲವರಲ್ಲಿ ತಾಯಿಯ ಮೈ ಸಾಲದೆ ಹೋಗುತ್ತದೆ, ಅದೇ ಬಸಿರಿನ ಸಕ್ಕರೆ ಕಾಯಿಲೆ. ಡೇವಿಡ್ ಹೇಗ್ ಅನ್ನುವ ವಿಜ್ಞಾನಿ 1993ರಲ್ಲಿ ಈ ಎಳೆದಾಟವನ್ನು ಬಿಡಿಸಿ ಬರೆದರು. ನನಗೆ ಅದನ್ನು ಮೊದಲ ಸಲ ಓದಿದಾಗ ಅಮ್ಮನ ನೆನಪಾಗಿ ಕಣ್ಣು ತುಂಬಿತ್ತು.

ಇದರಲ್ಲಿ ಅಪ್ಪನ ಕಡೆಯ ಪಾಲು ಎಷ್ಟು ಅನ್ನುವುದಕ್ಕೆ ಇಲಿಯಲ್ಲಿ ಒಂದು ಸಾಕ್ಷಿ ಇದೆ. ಐಜಿಎಫ್-2 ಅಂತ ಒಂದು ಜೀನ್, ಭ್ರೂಣವನ್ನು ಬೆಳೆಸುವಂಥದು. ಮರಿಗೆ ಅದು ಅಪ್ಪನಿಂದಲೂ ಬರುತ್ತದೆ, ಅಮ್ಮನಿಂದಲೂ ಬರುತ್ತದೆ, ಆದರೆ ಹೊಟ್ಟೆಯಲ್ಲಿ ಕೆಲಸ ಮಾಡುವುದು ಅಪ್ಪನಿಂದ ಬಂದ ಪ್ರತಿ ಮಾತ್ರ. ಅಪ್ಪನ ಪ್ರತಿ ಕೆಟ್ಟಿದ್ದರೆ ಮರಿ ಮಾಮೂಲಿ ಗಾತ್ರದ ಶೇಕಡಾ 60ರಷ್ಟೇ ಇರುತ್ತದೆ ಅಂತ 1991ರ ಹೊತ್ತಿಗೆ ಗೊತ್ತಾಗಿತ್ತು. ಆ ಬೆಳವಣಿಗೆಗೆ ಕಡಿವಾಣ ಹಾಕುವ ಇನ್ನೊಂದು ಜೀನ್ ಇದೆ. ಅದರಲ್ಲಿ ನಡೆಯುವುದು ಅಮ್ಮನ ಪ್ರತಿ. ಬೆಳೆ ಅನ್ನುವುದು ಅಪ್ಪನ ಕಡೆಯ ಮಾತು, ಸ್ವಲ್ಪ ತಡೆ ಅನ್ನುವುದು ಅಮ್ಮನ ಕಡೆಯ ಮಾತು. ಅಮ್ಮನ ಮೈ ಮುಂದಿನ ಮಕ್ಕಳಿಗೂ ಉಳಿಯಬೇಕಲ್ಲ.

ಈಗ ಹೇಳು, ಕಾವ್ಯಳ ಸಕ್ಕರೆಗೆ ಮಾವಿನಹಣ್ಣೊಂದನ್ನೇ ದೂರುವುದು ನ್ಯಾಯವಾ? ತಪ್ಪು ಅವಳದೂ ಅಲ್ಲ, ನಿನ್ನದೂ ಅಲ್ಲ. ಆದರೆ ನಿನ್ನ ಮಗುವಿಗಾಗಿ ಅವಳ ಮೈ ಕೊಟ್ಟಿದ್ದು ಅದು, ನಗುವ ವಿಷಯವಲ್ಲ.

ನಿಮ್ಮ ಅಜ್ಜಿಯ ಮಾತು ನಿನಗೆ ಯಾರೂ ಹೇಳಿಲ್ಲ. ಅಮ್ಮ ಹೆತ್ತಿದ್ದು ಏಳು, ಉಳಿದಿದ್ದು ಐದು. ಒಂದೂವರೆ ವರ್ಷ, ಒಂದೂಮುಕ್ಕಾಲು ವರ್ಷಕ್ಕೆ ಒಂದೊಂದು. ನಿಮ್ಮಪ್ಪ ನಾಲ್ಕನೆಯವನು. ಅವನ ಬಾಣಂತನ ಮುಗಿಯುವ ಮೊದಲೇ ಅಮ್ಮ ಗದ್ದೆಗೆ ಬುತ್ತಿ ಹೊತ್ತಳು. ಮೂವತ್ತೈದಕ್ಕೆ ಹಲ್ಲು ಅಲುಗಾಡುತ್ತಿದ್ದವು, ಮೆಟ್ಟಿಲು ಹತ್ತಿದರೆ ಏದುಸಿರು, ಮುಖ ಬಿಳಿಚಿಕೊಂಡಿರುತ್ತಿತ್ತು. ನಮ್ಮಪ್ಪ ಕೆಟ್ಟವರಲ್ಲ. ಒಂದು ದಿನವೂ ಅಮ್ಮನ ಮೇಲೆ ಕೈ ಎತ್ತಿದವರಲ್ಲ, ಸಂತೆಗೆ ಹೋದರೆ ಮರೆಯದೆ ಅವಳಿಗೆ ಹೂವು ತರುತ್ತಿದ್ದರು. ಆದರೆ ಮಕ್ಕಳ ಖರ್ಚು ಅಂದರೆ ಅವರಿಗೆ ಕಬ್ಬಿನ ದುಡ್ಡು, ಸ್ಕೂಲಿನ ಫೀಸು. ಅಮ್ಮನ ರಕ್ತ, ಮೂಳೆ ಆ ಲೆಕ್ಕದಲ್ಲಿ ಬರಲೇ ಇಲ್ಲ. ಕೇಳಬೇಕು ಅಂತ ಅವರಿಗೆ ಹೊಳೆಯಲಿಲ್ಲ, ಹೇಳಬಹುದು ಅಂತ ಅಮ್ಮನಿಗೆ ಗೊತ್ತಿರಲಿಲ್ಲ. ನಿನಗೆ ಹೇಳುವುದಕ್ಕೆ ನಾನಿದ್ದೇನೆ, ಅದಕ್ಕೆ ಹೇಳುತ್ತಿದ್ದೇನೆ.

ಹೆಣ್ಣಿನ ಪ್ರಕೃತಿ ಅನ್ನುವುದಾದರೆ, ಕಾರಂಜಿ ಕೆರೆಗೆ ಒಂದು ಬೆಳಿಗ್ಗೆ ನನ್ನ ಜೊತೆ ಬಾ. ತಾವರೆ ಎಲೆಯ ಮೇಲೆ ನಡೆದಾಡುವ ಜಕಾನ ಹಕ್ಕಿ ತೋರಿಸುತ್ತೇನೆ. ಅವುಗಳಲ್ಲಿ ಕಾವು ಕೂರುವುದೂ ಗಂಡು, ಮರಿ ನೋಡಿಕೊಳ್ಳುವುದೂ ಗಂಡು. ಹೆಣ್ಣು ಮೊಟ್ಟೆ ಇಟ್ಟು ಬೇರೆ ಗಂಡಿನ ಹತ್ತಿರ ಹೋಗುತ್ತದೆ. ಪ್ರಕೃತಿಯನ್ನು ಕೇಳಿದರೆ ನಮಗೆ ಬೇಕಾದ ಉತ್ತರವೆಲ್ಲ ಸಿಗುತ್ತದೆ ಕಣೋ, ಅದಕ್ಕೇ ಮನೆ ನಡೆಸುವುದಕ್ಕೆ ಅದನ್ನು ಕೇಳಬಾರದು.

ಆದರೆ ಒಂದು ಪ್ರಯೋಗವನ್ನು ಮಾತ್ರ ನಿನಗೆ ಹೇಳಲೇಬೇಕು. ಪಾಠ ಮಾಡುವಾಗ ಪ್ರತಿ ವರ್ಷ ಅದನ್ನು ಖುಷಿಯಿಂದ ಹೇಳುತ್ತಿದ್ದೆ. ಬಾಳೆಹಣ್ಣಿನ ಮೇಲೆ ಕೂರುವ ಸಣ್ಣ ನೊಣ ಇದೆಯಲ್ಲ, ಅದರ ಗಂಡಿನ ವೀರ್ಯದ ದ್ರವದಲ್ಲಿರುವ ಕೆಲವು ಪ್ರೋಟೀನುಗಳು ಹೆಣ್ಣಿನ ಆಯಸ್ಸು ಕಡಿಮೆ ಮಾಡುತ್ತವೆ. ಅಮೆರಿಕದಲ್ಲಿ ಬ್ರೆಟ್ ಹಾಲಂಡ್ ಮತ್ತು ವಿಲಿಯಂ ರೈಸ್ ಈ ನೊಣಗಳನ್ನು 47 ತಲೆಮಾರು, ಒಂದು ಗಂಡಿಗೆ ಒಂದೇ ಹೆಣ್ಣು ಅಂತ ಜೋಡಿ ಮಾಡಿ ಸಾಕಿದರು. 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಗಂಡುಗಳು ಹೆಣ್ಣಿಗೆ ಮಾಡುವ ಹಾನಿ ಕಡಿಮೆಯಾಗಿತ್ತು. ಯಾಕೆಂದರೆ ಈಗ ಅವಳು ಬೇಗ ಸತ್ತರೆ ಅವನ ವಂಶವೂ ಅಲ್ಲಿಗೆ ನಿಂತಿತು. ಅವಳ ನಷ್ಟ ಅವನ ನಷ್ಟವೂ ಆಯಿತು. ಒಟ್ಟು ಸಂತಾನವೂ ಹೆಚ್ಚಿತು.

ಮನುಷ್ಯರಲ್ಲಿ ತಾಳಿ ಕಟ್ಟಿದ ಮಾತ್ರಕ್ಕೆ ಆ ಜೋಡಣೆ ಆಗುವುದಿಲ್ಲ. ಹೊರುವುದು ಹೆರುವುದು ಅವಳೇ, ಹೊಟ್ಟೆ ಕೊಯ್ಸಿಕೊಳ್ಳುವುದು ಅವಳೇ. ಕೊನೆಗೆ ಮಕ್ಕಳು ಸಾಕು ಅಂದಾಗಲೂ ಆಪರೇಷನ್ ಟೇಬಲ್ ಮೇಲೆ ಮಲಗುವುದು ಅವಳೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡು. ದೇಶದ ದಂಪತಿಗಳಲ್ಲಿ ಹೆಂಡತಿ ಸಂತಾನಹರಣ ಮಾಡಿಸಿಕೊಂಡಿದ್ದು ಶೇಕಡಾ 37.9, ಗಂಡ ಮಾಡಿಸಿಕೊಂಡಿದ್ದು ಶೇಕಡಾ 0.3. ಗಂಡಸಿನ ಆಪರೇಷನ್ ಹೆಂಗಸಿನದಕ್ಕಿಂತ ಸಣ್ಣದು, ಸುಲಭ. ಆದರೂ ಇಷ್ಟು ವ್ಯತ್ಯಾಸ. ಈ ಅಂಕಿ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅವಳ ನಷ್ಟ ನಿನ್ನ ನಷ್ಟವೂ ಆಗಬೇಕಾದರೆ ನೀನೇ ಅದನ್ನು ನಿನ್ನ ಮೇಲೆ ಎಳೆದುಕೊಳ್ಳಬೇಕು.

ಅದಕ್ಕೆ ಇಷ್ಟು ಮಾಡು. ಮೊದಲು ಅವಳನ್ನು ಕೇಳು, ನಿನಗೆ ಇನ್ನೊಂದು ಬೇಕಾ, ಬೇಕಾದರೆ ಯಾವಾಗ ಅಂತ. ಕೇಳಿ ಸುಮ್ಮನಿರು, ಅವಳು ಪೂರ್ತಿ ಹೇಳಲಿ. ಬೇಡ ಅಂದರೆ ಅದೂ ಉತ್ತರವೇ. ಒಂದು ಹೆರಿಗೆ ಆದ ಮೇಲೆ ಮತ್ತೆ ಬಸಿರಾಗಲು ಕನಿಷ್ಠ 24 ತಿಂಗಳು ಬಿಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವಳದು ಸಿಸೇರಿಯನ್ ಬೇರೆ, ಬೇಗ ಆದರೆ ಹಳೆಯ ಹೊಲಿಗೆಯ ಜಾಗ ಬಿಟ್ಟುಕೊಳ್ಳುವ ಅಪಾಯ ಜಾಸ್ತಿ. ಬಸಿರಿನಲ್ಲಿ ಸಕ್ಕರೆ ಬಂದವರಿಗೆ ಮುಂದೆ ಅದು ಕಾಯಂ ಆಗುವ ಸಂಭವ ಹೆಚ್ಚು. ಹೆರಿಗೆಯಾಗಿ ಆರರಿಂದ ಹನ್ನೆರಡು ವಾರದೊಳಗೆ ಗ್ಲೂಕೋಸ್ ಕುಡಿಸಿ ಮತ್ತೆ ಪರೀಕ್ಷೆ ಮಾಡಿಸಬೇಕಿತ್ತು. ಮಾಡಿಸಿದಿರಾ? ಮಾಡಿಸಿಲ್ಲ ಅಂದರೆ ಈ ವಾರವೇ ಕರೆದುಕೊಂಡು ಹೋಗು. ಅವಳನ್ನು ಒಬ್ಬಳನ್ನೇ ಕಳಿಸಬೇಡ, ನೀನು ರಜೆ ಹಾಕು.

ಇನ್ನು ಅತ್ತಿಗೆಯ ಗಂಡು ಮಗುವಿನ ಆಸೆ. ಅದನ್ನು ನಿನ್ನ ಬಾಯಿಂದಲೇ ನಿಲ್ಲಿಸಬೇಕು, ಕಾವ್ಯಳ ಬಾಯಿಂದ ಅಲ್ಲ. ಗಂಡೋ ಹೆಣ್ಣೋ ಅನ್ನುವುದು ತೀರ್ಮಾನವಾಗುವುದು ನಿನ್ನ ಕಡೆಯಿಂದ ಹೋಗುವ ವೀರ್ಯಾಣುವಿನಿಂದ, ಇದನ್ನು ನಿಮ್ಮಮ್ಮನಿಗೆ ಬಿಡಿಸಿ ಹೇಳು. 2023ರಲ್ಲಿ ನಮ್ಮ ಮಂಡ್ಯದ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಷೀನ್ ಇಟ್ಟುಕೊಂಡು ಹೆಣ್ಣು ಭ್ರೂಣ ಹುಡುಕುತ್ತಿದ್ದ ಸುದ್ದಿ ಬಂದಾಗ ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಬೆಲ್ಲ ಬೇಯುವ ವಾಸನೆಯಲ್ಲಿ ಬೆಳೆದವಳು ನಾನು. ನಮ್ಮ ಮನೆಯಲ್ಲಿ ಆ ದಾರಿಯ ಮಾತು ಯಾರ ಬಾಯಲ್ಲೂ ಬರಕೂಡದು.

ಕಾವ್ಯಳಿಗೆ ನಾನು ಏನೂ ಬುದ್ಧಿ ಹೇಳುವುದಿಲ್ಲ. ದಸರಾ ರಜೆಗೆ ಮೂವರೂ ಬನ್ನಿ. ಮಗುವಿನ ರಾತ್ರಿ ಸರದಿ ನಿನಗೂ ನನಗೂ ಇರಲಿ, ಹಾಲಿನ ಹೊತ್ತಿಗೆ ಮಾತ್ರ ಅವಳನ್ನು ಎಬ್ಬಿಸೋಣ. ನಾಲ್ಕು ದಿನವಾದರೂ ಅವಳು ಕಣ್ತುಂಬ ನಿದ್ದೆ ಮಾಡಲಿ. ಲೆನ್ಸ್ ಇನ್ನೂ ನನ್ನ ಬೀರುವಿನಲ್ಲೇ ಇದೆ, ನಿನ್ನ ಮಗಳು ಕೂತು ನೋಡುವಷ್ಟು ದೊಡ್ಡವಳಾದ ಮೇಲೆ ಕೊಡುತ್ತೇನೆ.

ರಿಪೋರ್ಟ್ ಬಂದ ಕೂಡಲೇ ಫೋಟೋ ತೆಗೆದು ಕಳಿಸು.

ಇಂತಿ,
ನಿನ್ನ ಅತ್ತೆ