ಗೋಡೆ ಕೊರೆಯಲು ಬಿಟ್ಟವರಿಗೆ

ಕಳೆದ ತಿಂಗಳು ನಮ್ಮ ಪುಟ್ಟ ಉದ್ಯಮದ ಸಾಲದ ಕೊನೆಯ ಕಂತು ತೀರಿತು. ಹಿರಿಯರು ಇರುವ ಮನೆಗಳಿಗೆ ಹೋಗಿ, ಅಲ್ಲಿ ಯಾವ ಮೂಲೆಯಲ್ಲಿ ಕಾಲು ಜಾರಬಹುದು, ಎಲ್ಲಿ ಎಡವಬಹುದು ಎಂದು ನೋಡಿ, ಹಿಡಿದುಕೊಳ್ಳುವ ಕಂಬಿ, ಮೆಟ್ಟಿಲಿಗೆ ರೇಲಿಂಗ್, ಹೊಸ್ತಿಲಿಗೆ ಇಳಿಜಾರು, ರಾತ್ರಿಗೆ ದೀಪ ಇವನ್ನೆಲ್ಲ ಅಳವಡಿಸಿಕೊಡುವುದು ನಮ್ಮ ಕೆಲಸ. ಒಂದು ಸಣ್ಣ ಸಮಾರಂಭ ಮಾಡೋಣವೆಂದು ಜೊತೆಯವರು ಹೇಳಿದರು. ವೇದಿಕೆ ಏರಿದರೆ ಮುಖ್ಯವಾದ ಹೆಸರುಗಳನ್ನೇ ಮರೆಯುವವಳು ನಾನು, ಹಾಗಾಗಿ ಬರೆಯುವುದೇ ವಾಸಿ ಎನಿಸಿತು. ತಮ್ಮ ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿದ್ದರಿಂದ ಯಾರ ಹೆಸರೂ ಇಲ್ಲಿಲ್ಲ. ಓದಿದರೆ ಅವರವರಿಗೆ ಗೊತ್ತಾಗುತ್ತದೆ.

ಮೊದಲ ವಂದನೆ ನಮಗೆ ‘ಬೇಡ’ ಎಂದ ಹಿರಿಯರಿಗೆ.

ಈ ಕಸುಬಿನಲ್ಲೊಂದು ವಿಚಿತ್ರವಿದೆ. ಫೋನ್ ಮಾಡುವವರು ಮಕ್ಕಳು, ಹಣ ಕೊಡುವವರೂ ಮಕ್ಕಳು. ಬಳಸಬೇಕಾದವರು ಮಾತ್ರ ಅಪ್ಪ ಅಮ್ಮ. ಮಗ ಬಾಗಿಲು ತೆರೆದು ನಮ್ಮನ್ನು ಒಳಗೆ ಕರೆಯುವಷ್ಟರಲ್ಲಿ ಕೋಣೆಯಿಂದ ದನಿ ಬರುತ್ತದೆ: ‘ಇದೆಲ್ಲ ಯಾರಿಗಪ್ಪಾ? ನನಗೇನಾಗಿದೆ?’ ನ್ಯಾಯವಾದ ಪ್ರಶ್ನೆ. ತಾವು ಕಟ್ಟಿಸಿ, ಬಣ್ಣ ಬಳಿಸಿ, ಬಾಳಿದ ಮನೆಗೆ ಆಸ್ಪತ್ರೆಯ ಕಳೆ ಬರುವುದು ಯಾರಿಗೆ ಇಷ್ಟ? ನಿವೃತ್ತ ಶಿಕ್ಷಕಿಯೊಬ್ಬರು ನನ್ನ ಅಳತೆ ಪಟ್ಟಿಯನ್ನು ಕೈಯಿಂದ ತೆಗೆದಿಟ್ಟು, ‘ಮೊದಲು ನಾನು ಓಡಾಡುವುದನ್ನು ನೋಡಮ್ಮಾ, ಆಮೇಲೆ ಗೋಡೆ ಅಳೆಯುವೆಯಂತೆ’ ಎಂದರು. ಹಾಸಿಗೆಯಿಂದ ಸ್ನಾನದ ಮನೆಯವರೆಗೆ ಅವರ ಹಿಂದೆಯೇ ಹೋದೆ. ಬಾಗಿಲ ಚೌಕಟ್ಟಿನ ಪಕ್ಕದಲ್ಲಿ, ತಿರುವಿನಲ್ಲಿ, ಸ್ವಿಚ್ಚಿನ ಕೆಳಗೆ, ಗೋಡೆಯ ಬಣ್ಣ ಅಂಗೈಯಗಲ ಮಾಸಿತ್ತು. ಅವರ ಕೈ ವರ್ಷಗಳಿಂದ ಆಸರೆ ಹುಡುಕಿದ ಜಾಗಗಳವು. ಕಂಬಿ ಎಲ್ಲಿ ಬೇಕೆಂದು ಆ ಮನೆಯ ಗೋಡೆಗಳೇ ಗುರುತು ಹಾಕಿ ಇಟ್ಟಿದ್ದವು.

ಅಂದಿನಿಂದ ನಮ್ಮ ತಂಡದವರು ಯಾವ ಮನೆಗೆ ಹೋದರೂ ಮೊದಲು ಹುಡುಕುವುದು ಮಾಸಿದ ಬಣ್ಣವನ್ನು. ನೆಲದಿಂದ 84ರಿಂದ 91 ಸೆಂಟಿಮೀಟರ್ ಎತ್ತರದಲ್ಲಿ ಅಡ್ಡಕಂಬಿ ಇರಬೇಕೆಂದು ಅಮೆರಿಕದ ಮಾನದಂಡ ಹೇಳುತ್ತದೆ. ಅದು ಸಾರ್ವಜನಿಕ ಕಟ್ಟಡಗಳಿಗಾಗಿ, ಯಾರು ಬರುತ್ತಾರೆಂದು ಗೊತ್ತಿಲ್ಲದ ಜಾಗಗಳಿಗಾಗಿ ಮಾಡಿದ ಲೆಕ್ಕ. ಮನೆಯಲ್ಲಿ ಯಾರಿದ್ದಾರೆಂದು ನಮಗೆ ಗೊತ್ತಿರುತ್ತದೆ. ಅವರ ಮೊಣಕೈ ಎಲ್ಲಿಗೆ ಬರುತ್ತದೆ, ಯಾವ ಭುಜ ನೋಯುತ್ತದೆ ಎಂದು ಕೇಳಬಹುದು. ಆ ಶಿಕ್ಷಕಿ ಕೊನೆಗೆ ಕಂಬಿ ಹಾಕಿಸಿಕೊಂಡರು. ಉಕ್ಕಿನ ಹೊಳಪಿನದು ಬೇಡ, ಬಾಗಿಲಿನ ಬಣ್ಣದ್ದೇ ಆಗಬೇಕೆಂದು ಹಟ ಹಿಡಿದು ಹಾಕಿಸಿಕೊಂಡರು. ಈಗ ನಾವು ಬಣ್ಣದ ಮಾದರಿಗಳನ್ನು ಕೊಂಡೊಯ್ಯುತ್ತೇವೆ. ಅದರ ಶ್ರೇಯಸ್ಸು ಪೂರ್ತಿ ಅವರದು.

ಎರಡನೆಯ ಋಣ ನಮಗೆ ಪಾಠ ಹೇಳಿಕೊಟ್ಟ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ಜನರಿಗೆ ನೆರವಾಗುವ ಚಿಕಿತ್ಸಕರು) ಅವರದು. ಸಂಬಳಕ್ಕಲ್ಲ, ಸಿಟ್ಟಿಗೆ ಕಲಿಸಿದರು ಎಂದರೂ ತಪ್ಪಿಲ್ಲ: ಸೊಂಟದ ಮೂಳೆ ಮುರಿದ ಮೇಲೆಯೇ ಎಲ್ಲರೂ ತಮ್ಮ ಬಳಿ ಬರುತ್ತಾರೆಂಬ ಸಿಟ್ಟು ಅವರಿಗೆ. ಅರವತ್ತರ ಕಣ್ಣಿನ ಪರದೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಸುಮಾರು ಮೂರನೆಯ ಒಂದು ಭಾಗ ಎಂದು ಅವರು ವಿವರಿಸಿದ ಮೇಲೆ, ಬಿಳಿ ಟೈಲ್ಸ್ ನಡುವಿನ ಬಿಳಿ ಕಮೋಡ್ ಅಂದಾಜಿಗೆ ಸಿಗದೆ ಜನ ಅಂಚಿನಲ್ಲಿ ಕುಳಿತು ಜಾರುವುದೇಕೆಂದು ಅರ್ಥವಾಯಿತು. ಬೇರೆ ಬಣ್ಣದ ಸೀಟು ಹಾಕಿದರೆ ಆಯಿತು, ಗೋಡೆ ಒಡೆಯಬೇಕಿಲ್ಲ. ಮೆಟ್ಟಿಲಿನ ಅಂಚಿಗೆ ಗಾಢ ಬಣ್ಣದ ಪಟ್ಟಿಯೂ ಅಷ್ಟೇ. ಬೈಫೋಕಲ್ ಕನ್ನಡಕದ ಓದಲೆಂದಿರುವ ಕೆಳಭಾಗದಿಂದ ನೋಡಿದರೆ ಮೆಟ್ಟಿಲು ಮಸುಕಾಗುತ್ತದೆಂಬುದನ್ನೂ ಅವರೇ ತೋರಿಸಿದರು.

ಅದಕ್ಕಿಂತ ದೊಡ್ಡದು, ಯಾವಾಗ ಮಾರಬಾರದು ಎಂದು ಕಲಿಸಿದ್ದು. ಹಾಸಿಗೆಯಿಂದ ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ರಕ್ತದೊತ್ತಡ 20 ಅಂಶವೋ ಇನ್ನೂ ಹೆಚ್ಚೋ ಇಳಿಯುವವರಿದ್ದಾರೆ. ಅವರಿಗೆ ಕಣ್ಣು ಕತ್ತಲೆ ಬರುತ್ತದೆ, ಬೀಳುತ್ತಾರೆ. ಸೇವಿಸುವ ಮಾತ್ರೆಗಳೇ ಕಾರಣವಾಗಿರುವುದೂ ಉಂಟು. ಅಲ್ಲಿ ಕಂಬಿ ಹಾಕಿ ಕೈತೊಳೆದುಕೊಂಡರೆ ಆಗದು, ವೈದ್ಯರಿಗೆ ತೋರಿಸಬೇಕು. ‘ಏಳುವಾಗ ತಲೆ ತಿರುಗುತ್ತದೆಯೇ?’ ಎಂಬ ಪ್ರಶ್ನೆ ನಮ್ಮ ಮೊದಲ ಭೇಟಿಯ ಪಟ್ಟಿಯಲ್ಲಿ ಇರುವುದು ಅವರ ದೆಸೆಯಿಂದ.

ಇನ್ನು ನಮ್ಮ ಮೇಸ್ತ್ರಿ. ಟೈಲ್ಸ್ ಕೊರೆಯುವುದನ್ನು ಇವರಿಂದ ನೋಡಿ ಕಲಿಯಬೇಕು. ವಜ್ರದ ತುದಿಯ ಬಿಟ್, ನಿಧಾನ ವೇಗ, ತಂಪಿಗೆ ನೀರು. ಟೈಲ್ಸ್ ದಾಟುವವರೆಗೆ ಬಡಿಯುತ್ತ ಕೊರೆಯುವಂತೆ ಮಾಡುವ ಯಂತ್ರದ ಹ್ಯಾಮರ್ ಗುಂಡಿಯನ್ನು ಮುಟ್ಟುವಂತಿಲ್ಲ. ಟೊಳ್ಳು ಇಟ್ಟಿಗೆಯ ಗೋಡೆಯಾದರೆ ಬೆರಳಿನಿಂದ ತಟ್ಟಿ ನೋಡಿಯೇ ಹೇಳುತ್ತಾರೆ, ಗೋಡೆಯೊಳಗೆ ಸ್ಕ್ರೂ ಹಿಡಿದಿಡುವ ಸಾಮಾನ್ಯ ಆಂಕರ್ ಇಲ್ಲಿ ನಿಲ್ಲುವುದಿಲ್ಲ ಎಂದು. ಗೋಡೆಗೆ ಗಾಳಿಯ ಹಿಡಿತದಿಂದ ಅಂಟಿಕೊಳ್ಳುವ ಹಿಡಿಕೆಗಳನ್ನು ಕಂಡರೆ ಅವರಿಗಾಗದು. ಮೈಭಾರ ಪೂರ್ತಿ ಬಿದ್ದಾಗ ಕಳಚಿ ಬರುವುದಾದರೆ ಅದು ಇಲ್ಲದಿರುವುದೇ ಮೇಲು, ನಂಬಿಕೆಯಾದರೂ ಹುಟ್ಟುವುದಿಲ್ಲ ಎಂಬುದು ಅವರ ವಾದ. ಕಂಬಿಯೊಂದು 113 ಕಿಲೋ ಭಾರ ತಾಳಬೇಕೆಂಬ ಮಾನದಂಡವನ್ನು ನಾನು ಓದಿ ಹೇಳುತ್ತೇನೆ. ಅವರು ಪ್ರತಿ ಕಂಬಿಗೂ ತಾವೇ ಜೋತುಬಿದ್ದು ನೋಡುತ್ತಾರೆ. ಅವರ ಮೈಕಟ್ಟು ಬಲ್ಲವರು ಇನ್ನೊಂದು ಪರೀಕ್ಷೆ ಕೇಳುವುದಿಲ್ಲ.

ಕಷ್ಟದ ಕಾಲ ಬಂದದ್ದು ಎರಡನೆಯ ವರ್ಷದಲ್ಲಿ. ಒಮ್ಮೆ ಸರಿಮಾಡಿದ ಮನೆಯವರು ಮತ್ತೆ ಕರೆಯುವ ಅಗತ್ಯವಿಲ್ಲ, ಅಂದರೆ ಚೆನ್ನಾಗಿ ಕೆಲಸ ಮಾಡಿದಷ್ಟೂ ಹಳೆಯ ಗಿರಾಕಿ ದೂರ. ಮೇಲಾಗಿ ಆಗದೇ ಹೋದದ್ದನ್ನು ಮಾರುವ ವ್ಯಾಪಾರವಿದು. ‘ನಾನು ಇವತ್ತು ಬೀಳಲಿಲ್ಲ’ ಎಂದು ಫೋನ್ ಮಾಡಿ ಯಾರು ಹೇಳುತ್ತಾರೆ? ಸಾಲ ಕೇಳಲು ಹೋದಲ್ಲಿ ಪುರಾವೆ ಕೇಳಿದರು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ, ಅವರಲ್ಲಿ ಅರವತ್ತು ದಾಟಿದವರೇ ಹೆಚ್ಚು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜನ್ನು ಮುಂದಿಟ್ಟೆ. ಮನೆಯೊಳಗಿನ ಅಪಾಯಗಳನ್ನು ತೆಗೆದರೆ ಬೀಳುವ ಪ್ರಮಾಣ ಶೇಕಡಾ 26ರಷ್ಟು, ಅಪಾಯ ಹೆಚ್ಚಿರುವವರಲ್ಲಿ ಶೇಕಡಾ 38ರಷ್ಟು ಇಳಿಯುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2023ರ ಕಾಕ್ರೇನ್ ಪರಿಶೀಲನೆ ಹೇಳಿದ ಮೇಲೆ ನನ್ನ ಮಾತಿಗೆ ಬಲ ಬಂತು. ಅದನ್ನು ಓದಿ ಸಾಲ ಕೊಟ್ಟ ಅಧಿಕಾರಿಗೆ ನಮಸ್ಕಾರ. ಓದದೆ ಕಡತ ಮುಚ್ಚಿದವರ ಬಗ್ಗೆ ಇಂದು ಏನೂ ಹೇಳುವುದಿಲ್ಲ.

ಆದರೆ ಕೆಲಸ ತಂದುಕೊಟ್ಟದ್ದು ಅಂಕಿಅಂಶಗಳಲ್ಲ. ನಮ್ಮ ಹಿರಿಯ ಗಿರಾಕಿಗಳೇ ತಮ್ಮ ಗೆಳೆಯ ಗೆಳತಿಯರನ್ನು ಕರೆದು ಸ್ನಾನದ ಮನೆ ತೋರಿಸಿದರು. ಅತಿಥಿಗಳನ್ನು ಕೂರಿಸಿ ಮಾತನಾಡಿಸುವ ಮೊದಲೇ ಅಲ್ಲಿಗೆ ಕರೆದೊಯ್ದು, ‘ಹಿಡಿದು ನೋಡಿ, ಅಲ್ಲಾಡುವುದಿಲ್ಲ’ ಎಂದವರಿದ್ದಾರೆ. ಮಕ್ಕಳ ಒತ್ತಾಯಕ್ಕೆ ಬಗ್ಗದವರು ಓರಗೆಯವರ ಮಾತಿಗೆ ಒಪ್ಪಿದರು. ಇಂಥ ಪ್ರಚಾರವನ್ನು ಯಾವ ಹಣವೂ ಕೊಳ್ಳಲಾರದು.

ಒಬ್ಬ ಮಗಳಿಗೆ ಬೇರೆಯಾಗಿಯೇ ಕೃತಜ್ಞತೆ ಹೇಳಬೇಕು. ನಾವು ಕೆಲಸ ಮಾಡಿದ ಮೇಲೂ ಅವರ ತಂದೆ ಸ್ನಾನದ ಮನೆಯಲ್ಲಿ ಬಿದ್ದರು. ಬೈಗುಳಕ್ಕೆ ಸಿದ್ಧಳಾಗಿಯೇ ಫೋನ್ ಎತ್ತಿದೆ. ಅವರು ಹೇಳಿದ್ದು ಇಷ್ಟು: ಬಾಗಿಲು ಹೊರಗೆ ತೆರೆಯುವಂತೆ ಬದಲಿಸಿದ್ದರಿಂದ, ಚಿಲಕವನ್ನು ಹೊರಗಿನಿಂದ ನಾಣ್ಯದಲ್ಲಿ ತಿರುಗಿಸಬಹುದಾಗಿದ್ದರಿಂದ, ಕೂಡಲೇ ಒಳಗೆ ಹೋಗಿ ತಂದೆಯನ್ನು ಎತ್ತಲು ಸಾಧ್ಯವಾಯಿತು. ಒಳಗೆ ತೆರೆಯುವ ಬಾಗಿಲಿಗೆ ಬಿದ್ದವರ ಮೈಯೇ ಅಡ್ಡವಾಗುತ್ತದೆ. ಗಂಟೆಗಟ್ಟಲೆ ನೆಲದ ಮೇಲೆ ಬಿದ್ದಿದ್ದರೆ ಮೂಳೆ ಮುರಿಯದಿದ್ದರೂ ಸ್ನಾಯು, ಮೂತ್ರಪಿಂಡಗಳಿಗೆ ಪೆಟ್ಟಾಗಬಹುದು. ಬೀಳುವುದನ್ನೆಲ್ಲ ತಡೆಯುತ್ತೇವೆಂದು ನಾವು ಎಂದೂ ಮಾತು ಕೊಟ್ಟವರಲ್ಲ. ಅದನ್ನು ಅರಿತು ಫೋನ್ ಮಾಡಿದ ಅವರ ದೊಡ್ಡತನವನ್ನು ನಮ್ಮ ತಂಡ ಮರೆಯುವುದಿಲ್ಲ.

ಲೆಕ್ಕಪತ್ರ ನೋಡಿಕೊಂಡ ನನ್ನ ಗಂಡನಿಗೆ ಇಲ್ಲಿ ವಂದನೆ ಹೇಳಿದರೆ ನಗುತ್ತಾರೆ. ಆದರೂ ಹೇಳಿದ್ದೇನೆ. ನನಗೆ ಬಾಕಿ ವಸೂಲಿ ಮಾಡಲು ಬರುವುದಿಲ್ಲ, ಅವರಿಗೆ ಬರುತ್ತದೆ. ಉದ್ಯಮ ಉಳಿದದ್ದರಲ್ಲಿ ಅದರ ಪಾಲು ಸಣ್ಣದಲ್ಲ.

ಹೆಸರು ಬರೆಸಿ ಕಾಯುತ್ತಿರುವ ಮನೆಗಳವರ ತಾಳ್ಮೆಗೂ ನಾವು ಋಣಿಗಳು. ಸರದಿಯ ಪ್ರಕಾರ ಬರುತ್ತಿದ್ದೇವೆ. ಅಲ್ಲಿಯವರೆಗೆ ನೆಲದ ಮೇಲಿನ ಸಡಿಲ ಚಾಪೆಗಳನ್ನು ಸುತ್ತಿಡಿ, ಹಾಸಿಗೆಯಿಂದ ಕೈಗೆಟುಕುವಲ್ಲಿ ಒಂದು ದೀಪವಿರಲಿ, ಮತ್ತು ದಯವಿಟ್ಟು ಟವೆಲ್ ಕಂಬಿಯನ್ನು ಹಿಡಿದುಕೊಂಡು ಏಳಬೇಡಿ. ಅದು ಟವೆಲ್ಲಿನ ಭಾರಕ್ಕಷ್ಟೇ ಹಾಕಿದ್ದು.