ಏಜ್ ಆಫ್ ಎಂಪೈರ್ಸ್ 2: ಯಾವ ಡಿಎಲ್‌ಸಿ ಮೊದಲು, ಯಾವುದು ಆಮೇಲೆ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಓದಿದೆ. ಆಟಗಳನ್ನು ಮಾರುವ ಸ್ಟೀಮ್‌ನಲ್ಲಿ ಏಜ್ ಆಫ್ ಎಂಪೈರ್ಸ್ 2ರ ಹೊಸ ರೂಪವಾದ ಡೆಫಿನಿಟಿವ್ ಎಡಿಶನ್‌ನ ಪುಟ ತೆರೆದರೆ ಕೆಳಗೆ ಡಿಎಲ್‌ಸಿಗಳ, ಅಂದರೆ ಆಟಕ್ಕೆ ಆಮೇಲೆ ಸೇರಿಸಿಕೊಳ್ಳುವ ಹೆಚ್ಚುವರಿ ಭಾಗಗಳ, ದೊಡ್ಡ ಸಾಲೇ ಉಂಟು, ಯಾವುದನ್ನು ತೆಗೆದುಕೊಳ್ಳುವುದು ಎಂದು ಕೇಳಿದ್ದೀಯ. ನೇರವಾಗಿ ಹೇಳುತ್ತೇನೆ: ಈಗ ಒಂದನ್ನು ಮಾತ್ರ ತೆಗೆದುಕೋ, ಡೈನಾಸ್ಟೀಸ್ ಆಫ್ ಇಂಡಿಯಾ. ಉಳಿದವುಗಳಲ್ಲಿ ಕೆಲವಕ್ಕೆ ಸೇಲ್ ಬರುವವರೆಗೆ ಕಾಯಬಹುದು, ಕೆಲವು ನಿನಗೆ ಬೇಡವೇ ಬೇಡ. ಉಪ್ಪಳ, ಕುಂಬಳೆ ಕಡೆಯ ನಮ್ಮ ಹುಡುಗರೂ ಇದನ್ನೇ ಕೇಳುತ್ತಿರುವುದರಿಂದ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಅವರಿಗೂ ಕಳಿಸು.

ಮೊದಲು ಒಂದು ಹೆದರಿಕೆ ಬಿಡು. ಎದುರಾಳಿಯ ಹತ್ತಿರ ಇರುವ ಡಿಎಲ್‌ಸಿ ನಿನ್ನ ಹತ್ತಿರ ಇಲ್ಲದಿದ್ದರೂ ಅವನ ಜತೆ ಆಡಬಹುದು. ಅವನು ಬೊಹೀಮಿಯನ್ನರನ್ನು ಆರಿಸಿಕೊಂಡರೆ ನೀನು ಬ್ರಿಟನ್ನರನ್ನು ಇಟ್ಟುಕೊಂಡು ಅದೇ ಮ್ಯಾಪಿನಲ್ಲಿ ಹೊಡೆದಾಡಬಹುದು. ಬ್ಯಾಲೆನ್ಸ್ ತಿದ್ದುಪಡಿಗಳು, ಹಳೆಯ ಸಿವ್‌ಗಳಿಗೆ (ಸಿವಿಲೈಸೇಶನ್, ನಾವು ಆರಿಸಿ ಆಡಿಸುವ ಜನಾಂಗ) ಸಿಗುವ ಹೊಸ ಯೂನಿಟ್‌ಗಳು (ಸೈನಿಕರು, ಯಂತ್ರಗಳು) ಎಲ್ಲರಿಗೂ ಉಚಿತವಾಗಿ ಬರುತ್ತವೆ. ಡಿಎಲ್‌ಸಿಗೆ ದುಡ್ಡು ಕೊಟ್ಟಾಗ ಸಿಗುವುದು ಮುಖ್ಯವಾಗಿ ಎರಡು: ನೀನೇ ಆಡಿಸಬಹುದಾದ ಹೊಸ ಸಿವ್‌ಗಳು, ಒಬ್ಬನೇ ಕೂತು ಆಡುವ ಕ್ಯಾಂಪೇನ್‌ಗಳು. ಈ ಎರಡರಲ್ಲಿ ನಿನಗೆ ಯಾವುದು ಹೆಚ್ಚು ಬೇಕು ಎನ್ನುವುದರ ಮೇಲೆಯೇ ಆಯ್ಕೆ ನಿಂತಿದೆ.

ಮೂಲ ಆಟದಲ್ಲಿ ಏನುಂಟು ಅಂತಲೂ ನೋಡು. 2019ರ ನವೆಂಬರಿನಲ್ಲಿ ಡೆಫಿನಿಟಿವ್ ಎಡಿಶನ್ ಬಂದಾಗಲೇ ಅದರಲ್ಲಿ 35 ಸಿವ್‌ಗಳಿದ್ದವು. ಹಳೆಯ ಎಚ್‌ಡಿ ಎಡಿಶನ್‌ಗೆ ಬಂದಿದ್ದ ದ ಫಾರ್ಗಾಟನ್, ದ ಆಫ್ರಿಕನ್ ಕಿಂಗ್‌ಡಮ್ಸ್, ರೈಸ್ ಆಫ್ ದ ರಾಜಾಸ್ ಮೂರೂ ಅದರೊಳಗೇ ಸೇರಿವೆ. ಆದ್ದರಿಂದ ಎಲ್ಲಾದರೂ ಆ ಹೆಸರುಗಳು ಕಂಡರೆ ದುಡ್ಡು ಹಾಕಬೇಡ, ಅವು ಎಚ್‌ಡಿಗೆ ಮಾತ್ರ. 'ರಾಜಾಸ್' ಎಂದು ನೋಡಿ ಭಾರತದ್ದು ಎಂದುಕೊಳ್ಳುವವರೂ ಇದ್ದಾರೆ, ಆದರೆ ಅದರಲ್ಲಿರುವುದು ಬರ್ಮೀಸ್, ಖ್ಮೇರ್, ಮಲಯ್, ವಿಯೆಟ್ನಾಮೀಸ್. ಪೃಥ್ವೀರಾಜನ ಕ್ಯಾಂಪೇನ್ ಕೂಡ ಮೂಲ ಆಟದಲ್ಲೇ ಉಂಟು. ಮೆನುವಿನಲ್ಲಿ 'ಆರ್ಟ್ ಆಫ್ ವಾರ್' ಎಂಬ ಪಾಠದ ಪಂದ್ಯಗಳಿವೆ: ಆರಂಭದ ಎಕಾನಮಿ, ಬೇಗ ಕ್ಯಾಸಲ್ ಏಜ್ ತಲುಪುವುದು (ಆಟ ಡಾರ್ಕ್, ಫ್ಯೂಡಲ್, ಕ್ಯಾಸಲ್, ಇಂಪೀರಿಯಲ್ ಎಂಬ ನಾಲ್ಕು ಏಜ್‌ಗಳಲ್ಲಿ, ಅಂದರೆ ಹಂತಗಳಲ್ಲಿ ಸಾಗುತ್ತದೆ), ಬೂಮ್ ಮಾಡುವುದು ಅಂದರೆ ಹಳ್ಳಿಗರನ್ನು ಬೇಗ ಹೆಚ್ಚಿಸಿ ಎಕಾನಮಿ ಬೆಳೆಸುವುದು, ಹೀಗೆ. ಅವುಗಳಲ್ಲಿ ಬೆಳ್ಳಿ ಪದಕವಾದರೂ ಬರುವಷ್ಟು ಕೈ ಕುದುರಿದ ಮೇಲೆ ಹೊಸ ಸಿವ್ ಕೊಂಡರೆ ಅದರ ರುಚಿ ತಿಳಿಯುತ್ತದೆ. ಅದಕ್ಕೆ ಮೊದಲು ಕೊಂಡರೆ ಎಲ್ಲ ಸಿವ್‌ಗಳೂ ಒಂದೇ ಥರ ಕಾಣುತ್ತವೆ.

ಈಗ ಡೈನಾಸ್ಟೀಸ್ ಆಫ್ ಇಂಡಿಯಾ. 2022ರ ಏಪ್ರಿಲ್ 28ರಂದು ಬಂತು. ಬಂಗಾಳಿಗಳು, ದ್ರಾವಿಡರು, ಗುರ್ಜರರು ಹೀಗೆ ಮೂರು ಹೊಸ ಸಿವ್‌ಗಳು. ಮೊದಲಿದ್ದ 'ಇಂಡಿಯನ್ಸ್' ಆಗಲೇ 'ಹಿಂದೂಸ್ತಾನೀಸ್' ಆಯಿತು, ಅದು ಡಿಎಲ್‌ಸಿ ಇಲ್ಲದವರಿಗೂ ಸಿಗುತ್ತದೆ. ಬಾಬರ್, ರಾಜೇಂದ್ರ, ದೇವಪಾಲ ಎಂದು ಮೂರು ಕ್ಯಾಂಪೇನ್, ಒಂದೊಂದರಲ್ಲಿ ಐದು ಪಂದ್ಯ. ಇದಕ್ಕೂ ಮೊದಲು ಬಂದ ಎರಡು ಡಿಎಲ್‌ಸಿಗಳಲ್ಲಿ ಎರಡೆರಡೇ ಹೊಸ ಸಿವ್ ಇದ್ದವು.

ನೀನು ದ್ರಾವಿಡರಿಂದಲೇ ಶುರು ಮಾಡಬೇಕು ಎನ್ನುವುದು ನನ್ನ ಆಸೆ. ಕೋಟೆಯಲ್ಲಿ ತಯಾರಾಗುವ ಅವರ ವಿಶೇಷ ಯೋಧ ಉರುಮಿ ಹಿಡಿದವನು. ನಮ್ಮ ಕಡೆಯ ಕಳರಿಗಳಲ್ಲಿ ಸೊಂಟಕ್ಕೆ ಸುತ್ತಿಕೊಳ್ಳುವ ಅದೇ ಬಳುಕುವ ಕತ್ತಿ. ಅವನ ಮೊದಲ ಬೀಸು ಸುತ್ತ ನಿಂತವರಿಗೆಲ್ಲ ತಾಗುತ್ತದೆ, ಆಮೇಲೆ ಆ ಶಕ್ತಿ ಮತ್ತೆ ತುಂಬಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಹಾಗಾಗಿ ಒಬ್ಬೊಬ್ಬರನ್ನೇ ಕಳಿಸಬಾರದು, ಗುಂಪು ಕಟ್ಟಿ ಶತ್ರುವಿನ ಒತ್ತೊತ್ತಾದ ಕಾಲಾಳುಗಳ ಮೇಲೆ ಒಟ್ಟಿಗೆ ನುಗ್ಗಿಸಬೇಕು. ಯೂನಿಟ್‌ಗಳು ಮಾತಾಡುವುದು ತಮಿಳು. ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರ ಎಂದು ಪ್ರತ್ಯೇಕ ಸಿವ್ ಇಲ್ಲದಿರುವುದು ಕನ್ನಡದವರಿಗೆ ಬೇಸರದ ಸಂಗತಿಯೇ. ರಾಜೇಂದ್ರ ಚೋಳನಿಗೆ ಚರಿತ್ರೆಯಲ್ಲಿ ಎದುರು ನಿಂತವರು ನಮ್ಮ ಕಲ್ಯಾಣದ ಚಾಲುಕ್ಯರು. ಆದರೂ 1025ರ ಶ್ರೀವಿಜಯದ ದಂಡಯಾತ್ರೆ ಮಾಡಿದ ದೊರೆಯ ಕಥೆಯನ್ನು ನಾವೇ ಹಡಗು ಕಟ್ಟಿ ಆಡುವ ಅವಕಾಶ ಬೇರೆ ಕಡೆ ಸುಲಭವಾಗಿ ಸಿಗುವುದಿಲ್ಲ.

ಆಡುವ ಕ್ರಮ ಹೇಳುತ್ತೇನೆ. ದ್ರಾವಿಡರು ಪ್ರತಿ ಹೊಸ ಏಜ್‌ಗೆ ಕಾಲಿಟ್ಟಾಗ 200 ಮರ ಬರುತ್ತದೆ. ಡಾರ್ಕ್ ಏಜ್‌ನಲ್ಲೇ ಬ್ಯಾರಕ್ಸ್ (ಕಾಲಾಳುಗಳು ತಯಾರಾಗುವ ಕಟ್ಟಡ) ಕಟ್ಟಿಟ್ಟುಕೋ. ಫ್ಯೂಡಲ್ ಆದ ಕೂಡಲೇ ಬಂದ 200ರಲ್ಲಿ 175 ಕೊಟ್ಟು ಆರ್ಚರಿ ರೇಂಜ್ (ಬಿಲ್ಲುಗಾರರು, ಸ್ಕರ್ಮಿಶರ್‌ಗಳು ತಯಾರಾಗುವ ಕಟ್ಟಡ) ಹಾಕು. ಬೇರೆ ಸಿವ್‌ನವರು ಮರ ಕೂಡಿಸುತ್ತಿರುವಾಗ ನಿನ್ನ ಕಟ್ಟಡ ಮೇಲೇಳುತ್ತಿರುತ್ತದೆ. ಬ್ಯಾರಕ್ಸ್‌ನ ಅಪ್‌ಗ್ರೇಡ್‌ಗಳಿಗೆಲ್ಲ ಅವರಿಗೆ ಅರ್ಧ ಖರ್ಚು. ಕಾಲಾಳಿನ ಮೊದಲ ಅಪ್‌ಗ್ರೇಡ್ ಆದ ಮ್ಯಾನ್ ಅಟ್ ಆರ್ಮ್ಸ್‌ಗೆ ಬೇರೆಯವರು 100 ಆಹಾರ, 40 ಚಿನ್ನ ಕೊಟ್ಟರೆ ನೀನು 50 ಮತ್ತು 20 ಕೊಡುತ್ತೀಯ. ಸ್ಕರ್ಮಿಶರ್‌ಗಳು 25 ಶೇಕಡಾ ವೇಗವಾಗಿ ಈಟಿ ಎಸೆಯುತ್ತಾರೆ. ಕಾಲಾಳುಗಳನ್ನು ಮುಂದೆ, ಸ್ಕರ್ಮಿಶರ್‌ಗಳನ್ನು ಹಿಂದೆ ಇಟ್ಟರೆ ಫ್ಯೂಡಲ್‌ನಲ್ಲಿ ಬಿಲ್ಲುಗಾರರನ್ನು ನೆಚ್ಚಿದ ಎದುರಾಳಿಗೆ ಉಸಿರಾಡಲು ಬಿಡದ ಜೋಡಿ. ನೀರಿನ ಮ್ಯಾಪ್ ಆದರೆ ಇನ್ನೂ ಒಳ್ಳೆಯದು: ಮೀನಿನ ದೋಣಿ ಬೇರೆಯವರದ್ದು 15 ಹೊತ್ತರೆ ಇವರದ್ದು 30 ಹೊರುತ್ತದೆ, ಡಾಕ್‌ನಿಂದ ದೂರದ ಮೀನಿಗೂ ಓಡಾಟ ಕಡಿಮೆ. ಸೀಜ್ ವರ್ಕ್‌ಶಾಪ್‌ನ ಯಂತ್ರಗಳಿಗೆ ಮರ ಮೂರರಲ್ಲಿ ಒಂದು ಪಾಲು ಕಡಿಮೆ, 160 ಮರದ ಮ್ಯಾಂಗೊನೆಲ್ (ಕಲ್ಲೆಸೆಯುವ ಯಂತ್ರ) ಸುಮಾರು 107ಕ್ಕೆ ಬರುತ್ತದೆ. ಇಂಪೀರಿಯಲ್‌ನಲ್ಲಿ ವೂಟ್ಜ್ ಸ್ಟೀಲ್ ಎಂಬ ಅಪ್‌ಗ್ರೇಡ್ ಮುಗಿಸಿದರೆ ಕಾಲಾಳು ಮತ್ತು ಸವಾರರ ಏಟು ಎದುರಾಳಿಯ ಕವಚವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕವಚಕ್ಕೆ ಸುರಿದ ಅವನ ದುಡ್ಡೆಲ್ಲ ನೀರುಪಾಲು.

ಹೊಸಬರು ಎಡವುವುದು ಆನೆಗಳಲ್ಲಿ, ಮಾರಾಯ. ಕ್ಯಾಸಲ್ ಏಜ್ ಬಂದ ಕೂಡಲೇ ಬ್ಯಾಟಲ್ ಎಲಿಫೆಂಟ್‌ಗಳನ್ನೇ ಮಾಡಿ ಹೊರಡುತ್ತಾರೆ. ಎದುರಾಳಿ ಎರಡು ಮಾಂಕ್ (ಶತ್ರುವಿನ ಯೂನಿಟ್‌ಗಳನ್ನು ತನ್ನ ಕಡೆಗೆ ಒಲಿಸಿಕೊಳ್ಳುವ ಸನ್ಯಾಸಿ) ಮತ್ತು ಒಂದಿಷ್ಟು ಪೈಕ್‌ಮನ್ (ಉದ್ದ ಈಟಿ ಹಿಡಿದ ಕಾಲಾಳು) ತಂದರೆ ಅರ್ಧ ಆನೆಗಳು ಅವನ ಬಣ್ಣಕ್ಕೆ ತಿರುಗುತ್ತವೆ, ಉಳಿದರ್ಧ ಈಟಿಗೆ ಬೀಳುತ್ತವೆ. ಆನೆ ನಿಧಾನ, ಹಿಂದೆ ಎಳೆದು ಉಳಿಸಿಕೊಳ್ಳಲೂ ಆಗದು. ಮೊದಲು ಸ್ಕರ್ಮಿಶರ್‌ಗಳಿಂದ ಈಟಿಯವರನ್ನು ತೆಗೆ, ಲೈಟ್ ಕ್ಯಾವಲ್ರಿಯಿಂದ ಮಾಂಕ್‌ಗಳನ್ನು ಹುಡುಕಿ ಹೊಡೆ, ಆಮೇಲೆ ಆನೆ. ಇನ್ನೊಂದು ಕೊರತೆಯೂ ನೆನಪಿರಲಿ: ದ್ರಾವಿಡರಿಗೆ ನೈಟ್ (ಕವಚ ತೊಟ್ಟ ಕುದುರೆ ಸವಾರ) ಇಲ್ಲ, ಒಂಟೆ ಇಲ್ಲ. ಅರೇಬಿಯಾದಂಥ ಬಯಲಿನ ಮ್ಯಾಪಿನಲ್ಲಿ ಕುದುರೆಯವರು ನಿನ್ನ ಮರ ಕಡಿಯುವವರನ್ನು ಹೊಡೆದು ಓಡಿಹೋದರೆ ಬೆನ್ನಟ್ಟಲು ಸಾಧ್ಯವಾಗದು. ಮರ ಕಡಿಯುವ ಜಾಗಕ್ಕೆ ಬೇಲಿ ಹಾಕುವ ಅಭ್ಯಾಸ ಈ ಸಿವ್‌ಗೆ ಕಡ್ಡಾಯ.

ಅದೇ ಪೆಟ್ಟಿಗೆಯ ಬಂಗಾಳಿಗಳಿಗೆ ಹೊಸ ಏಜ್ ತಲುಪಿದಾಗ ಪ್ರತಿ ಟೌನ್ ಸೆಂಟರ್‌ನಿಂದ ಇಬ್ಬರು ಹಳ್ಳಿಗರು ಉಚಿತವಾಗಿ ಬರುತ್ತಾರೆ. ಅವರ ರಥ ಹತ್ತಿರದ ಕಾಳಗಕ್ಕೂ ಬಿಲ್ಲಿಗೂ ಬದಲಾಗುತ್ತದೆ. ಗುರ್ಜರರು ಕುರಿಗಳನ್ನು ಕೊಯ್ಯದೆ ಮಿಲ್‌ನೊಳಗೆ ಇಟ್ಟರೆ ಆಹಾರ ತಾನಾಗಿ ಬರುತ್ತಿರುತ್ತದೆ. ಅವರ ಶ್ರೀವಂಶ ಸವಾರ ಬಾಣಗಳಿಂದ ತಪ್ಪಿಸಿಕೊಳ್ಳುತ್ತಾನೆ. ಮೂರೂ ಒಂದಕ್ಕೊಂದು ಹೋಲುವುದಿಲ್ಲ, ನಾನು ಇದನ್ನು ಮೊದಲು ಹೇಳುವುದಕ್ಕೆ ದೊಡ್ಡ ಕಾರಣ ಅದು.

ಎರಡನೆಯದು ಯಾವುದು? ಒಬ್ಬನೇ ಆಡುವ ರಾತ್ರಿಗಳೇ ಹೆಚ್ಚಾದರೆ ಡಾನ್ ಆಫ್ ದ ಡ್ಯೂಕ್ಸ್, 2021ರ ಆಗಸ್ಟ್‌ನದ್ದು. ಪೋಲರು, ಬೊಹೀಮಿಯನ್ನರು. ಇದರಲ್ಲಿರುವ, ಬೊಹೀಮಿಯದ ದಂಡನಾಯಕ ಯಾನ್ ಜಿಜ್ಕನ ಕ್ಯಾಂಪೇನ್ ನನಗೆ ಬಹಳ ಇಷ್ಟ. ಹುಸ್ಸೈಟ್ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ ಅದರ ಹಿಂದಿನಿಂದ ಹೋರಾಡುವುದು ಬೇರೆಲ್ಲೂ ಇಲ್ಲದ ಅನುಭವ. ಗೆಳೆಯರ ಜತೆ ಆಡುವುದೇ ಹೆಚ್ಚಾದರೆ 2023ರ ದ ಮೌಂಟನ್ ರಾಯಲ್ಸ್ ತೆಗೆದುಕೋ, ಅರ್ಮೇನಿಯನ್ನರು ಮತ್ತು ಜಾರ್ಜಿಯನ್ನರು. ಇವರಿಗೆ ಲಂಬರ್ ಕ್ಯಾಂಪ್, ಮೈನಿಂಗ್ ಕ್ಯಾಂಪ್ ಇಲ್ಲ, ಬದಲಿಗೆ ಹೇಸರಗತ್ತೆಯ ಗಾಡಿ. ಮರ ಮುಗಿದಂತೆ ಗಾಡಿಯನ್ನೇ ಮುಂದಕ್ಕೆ ಸರಿಸಬಹುದು. ಆದರೆ ಕಾವಲಿಲ್ಲದ ಗಾಡಿ ಶತ್ರುವಿನ ಕೈಗೆ ಸಿಕ್ಕಿದರೆ ನಷ್ಟ ನಿನ್ನದೇ.

ಲಾರ್ಡ್ಸ್ ಆಫ್ ದ ವೆಸ್ಟ್ 2021ರ ಜನವರಿಯದ್ದು. ಬರ್ಗಂಡಿಯನ್ನರಿಗೆ ಎಕಾನಮಿಯ ಅಪ್‌ಗ್ರೇಡ್‌ಗಳು ಒಂದು ಏಜ್ ಮೊದಲೇ ಸಿಗುತ್ತವೆ, ಬೂಮ್ ಇಷ್ಟಪಡುವವರಿಗೆ ಒಳ್ಳೆಯದು. ಸೇಲ್‌ನಲ್ಲಿ ಮಾತ್ರ ತೆಗೆದುಕೊಳ್ಳಬೇಕಾದದ್ದು. ದ ತ್ರೀ ಕಿಂಗ್‌ಡಮ್ಸ್ 2025ರ ಮೇ ತಿಂಗಳಿನದ್ದು, ಒಮ್ಮೆಗೇ ಐದು ಸಿವ್‌ಗಳು. ಸಂಖ್ಯೆ ನೋಡಿ ಆಸೆಯಾಗುತ್ತದೆ. ಶು, ವೇಯ್, ವೂ ಮೂರಕ್ಕೂ ಕ್ಯಾಂಪೇನ್ ಉಂಟು, ಖಿತಾನ್ ಮತ್ತು ಜುರ್ಚೆನ್‌ರಿಗೆ ಇಲ್ಲ. ಆ ಮೂರು ಸಿವ್‌ಗಳಿಗೆ ಇಂಪೀರಿಯಲ್ ಏಜ್‌ನಲ್ಲಿ ಹೀರೋ ಯೂನಿಟ್ ಬರುವುದು ಹಳೆಯ ಆಟಗಾರರಲ್ಲಿ ಹಲವರಿಗೆ ಹಿಡಿಸಲಿಲ್ಲ, ನನಗೂ ಆಟದ ಮೂಲ ಗುಣಕ್ಕೆ ಅದು ಒಪ್ಪುವುದಿಲ್ಲ ಅನ್ನಿಸುತ್ತದೆ. ರ್ಯಾಂಕ್ಡ್‌ನಲ್ಲಿ, ಅಂದರೆ ಶ್ರೇಯಾಂಕ ಸಿಗುವ ಆನ್‌ಲೈನ್ ಪಂದ್ಯಗಳಲ್ಲಿ, ಗಟ್ಟಿಯಾಗಿ ತೊಡಗುವವರೆಗೆ ನಿನಗೆ ಬೇಡ.

ಕ್ರಾನಿಕಲ್ಸ್ ಎಂಬ ಹೆಸರಿನವು ಬೇರೆಯೇ ಜಾತಿ. 2024ರ ಬ್ಯಾಟಲ್ ಫಾರ್ ಗ್ರೀಸ್‌ನಲ್ಲಿ ಅಥೇನಿಯನ್ನರು, ಸ್ಪಾರ್ಟನ್ನರು, ಪರ್ಷಿಯದ ಅಕೆಮೆನಿಡ್‌ಗಳು, 21 ಪಂದ್ಯಗಳ ಒಂದೇ ಉದ್ದದ ಕಥೆ. ಕಟ್ಟಿದ ರೀತಿ ಸೊಗಸಾಗಿದೆ, ಆದರೆ ಅದು ಬಂದಾಗ ಆ ಸಿವ್‌ಗಳನ್ನು ರ್ಯಾಂಕ್ಡ್‌ನಲ್ಲಿ ಆಡಲಾಗುತ್ತಿರಲಿಲ್ಲ. 2025ರ ಅಕ್ಟೋಬರಿನಲ್ಲಿ ಬಂದ ಅಲೆಕ್ಸಾಂಡರನ ಕಂತಿನಲ್ಲಿ ಪೌರವರು ಕೂಡ ಇದ್ದಾರೆ. ವಿಕ್ಟರ್ಸ್ ಆ್ಯಂಡ್ ವ್ಯಾಂಕ್ವಿಶ್ಡ್‌ನಲ್ಲಿ 19 ಬಿಡಿ ಪಂದ್ಯಗಳು, ಹೊಸ ಸಿವ್ ಒಂದೂ ಇಲ್ಲ. ರಿಟರ್ನ್ ಆಫ್ ರೋಮ್ ಮುಖ್ಯವಾಗಿ ಮೊದಲನೆಯ ಏಜ್ ಆಫ್ ಎಂಪೈರ್ಸ್ ಅನ್ನು ಇದರೊಳಗೆ ತಂದದ್ದು. ಆ ಸಿವ್‌ಗಳು ಎರಡನೆಯ ಆಟದ ಸಿವ್‌ಗಳ ಜತೆ ಒಂದೇ ಪಂದ್ಯದಲ್ಲಿ ಸೇರುವುದಿಲ್ಲ. ಕೊನೆಗೆ ಇಡು.

ಇನ್ನು ಖರೀದಿಯ ವಿಚಾರ. ನಮ್ಮ ಊರಲ್ಲಿ ಮನೆಗೊಬ್ಬರು ಗಲ್ಫಿನಲ್ಲಿ ಇರುವುದರಿಂದ ಇದನ್ನು ಬಿಡಿಸಿ ಬರೆಯುತ್ತೇನೆ. ನಿನ್ನ ಅಣ್ಣ ಅಲ್ಲಿಂದ ಗಿಫ್ಟ್ ಕಳಿಸುತ್ತೇನೆ ಎಂದರೆ ಕಾಯಬೇಡ: ಎರಡು ದೇಶಗಳ ಬೆಲೆಯಲ್ಲಿ ಹೆಚ್ಚು ವ್ಯತ್ಯಾಸ ಇದ್ದರೆ ಸ್ಟೀಮ್ ಗಿಫ್ಟ್ ಹೋಗುವುದೇ ಇಲ್ಲ. ಇಲ್ಲಿನ ಬೆಲೆ ರೂಪಾಯಿಯಲ್ಲೇ ತೋರಿಸುತ್ತದೆ, ನೀನೇ ಕೊಳ್ಳುವುದು ಸುಲಭ. ಅಣ್ಣನ ಲೈಬ್ರರಿಯಿಂದ ಸ್ಟೀಮ್ ಫ್ಯಾಮಿಲಿ (ಮನೆಯವರು ಆಟ ಹಂಚಿಕೊಳ್ಳುವ ವ್ಯವಸ್ಥೆ) ಮೂಲಕ ಆಟ ಪಡೆದಿದ್ದರೆ ಅದರ ಮೇಲೆ ನೀನು ಡಿಎಲ್‌ಸಿ ಕೊಳ್ಳಲಾಗದು, ಮೂಲ ಆಟ ನಿನ್ನ ಹೆಸರಿನಲ್ಲೇ ಇರಬೇಕು. ಒಂದೇ ಪ್ರತಿಯನ್ನು ಇಬ್ಬರು ಒಟ್ಟಿಗೆ ಆಡಲೂ ಆಗದು. ಮೈಕ್ರೋಸಾಫ್ಟ್‌ನ ಚಂದಾ ಯೋಜನೆಯಾದ ಗೇಮ್ ಪಾಸ್‌ನಲ್ಲಿ ಆಡುವವರು ಮೈಕ್ರೋಸಾಫ್ಟ್ ಸ್ಟೋರ್‌ನ ಡಿಎಲ್‌ಸಿಯನ್ನೇ ಕೊಳ್ಳಬೇಕು. ಅದು ಸ್ಟೀಮ್‌ಗೆ ವರ್ಗವಾಗುವುದಿಲ್ಲ, ಚಂದಾ ನಿಂತರೆ ಮೂಲ ಆಟವೇ ತೆರೆಯದ್ದರಿಂದ ಕೊಂಡ ಡಿಎಲ್‌ಸಿಯೂ ಸುಮ್ಮನೆ ಬಿದ್ದಿರುತ್ತದೆ. ಎರಡೂ ಕಡೆಯವರು ಒಟ್ಟಿಗೆ ಆಡಲು ಮಾತ್ರ ತೊಂದರೆ ಇಲ್ಲ.

ದೊಡ್ಡ ಸೇಲ್‌ಗಳು ಜೂನ್ ಕೊನೆ ಮತ್ತು ಡಿಸೆಂಬರ್ ಕೊನೆಯ ಹೊತ್ತಿಗೆ ಬರುತ್ತವೆ. ಬಂಡಲ್ ಕಂಡರೆ ಒಳಗೆ ಏನೇನಿದೆ ಎಂದು ಓದು. ನಿನ್ನ ಹತ್ತಿರ ಇರುವವನ್ನು ಕಳೆದು ಉಳಿದದ್ದಕ್ಕೆ ಮಾತ್ರ ಬೆಲೆ ಹಾಕುವ ಬಂಡಲ್‌ಗಳೂ ಇವೆ, ಆಗ ಮೊದಲೇ ಒಂದು ಕೊಂಡದ್ದರಿಂದ ನಷ್ಟವಿಲ್ಲ.

ನಿನ್ನ ಲ್ಯಾಪ್‌ಟಾಪ್ 8 ಜಿಬಿ ರ್ಯಾಮ್‌ನದ್ದು, ಆಟಕ್ಕೆ ಸಾಕು. ಆದರೆ ಎನ್‌ಹ್ಯಾನ್ಸ್ಡ್ ಗ್ರಾಫಿಕ್ಸ್ ಪ್ಯಾಕ್ ಎಂಬ ಉಚಿತ ಡಿಎಲ್‌ಸಿ ಒಂದಿದೆ. ಅದು 4ಕೆ ಪರದೆಯವರಿಗೆ. ಸ್ಟೀಮ್‌ನಲ್ಲಿ ಆಟದ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಡಿಎಲ್‌ಸಿ ಎಂಬಲ್ಲಿ ಅದರ ಟಿಕ್ ತೆಗೆದುಬಿಡು, ಡಿಸ್ಕಿನಲ್ಲಿ ಜಾಗವೂ ಉಳಿಯುತ್ತದೆ. ಇದು ನಿನ್ನೊಬ್ಬನ ಪ್ರಶ್ನೆಯಲ್ಲ. ಈ ಆಟದಲ್ಲಿ ಎಲ್ಲರ ಕಂಪ್ಯೂಟರುಗಳೂ ಹೆಜ್ಜೆಗೆ ಹೆಜ್ಜೆ ಹೊಂದಿಸಿಕೊಂಡು ಸಾಗಬೇಕು, ಒಂದು ನಿಧಾನವಾದರೆ ಎಂಟೂ ಜನರ ಆಟ ಎಳೆಯುತ್ತದೆ. ನಾಲ್ವರು ನಾಲ್ವರ ಪಂದ್ಯದಲ್ಲಿ ತಲಾ 200ರಂತೆ 1,600 ಯೂನಿಟ್‌ಗಳಾದಾಗ ಅದು ಎದ್ದು ಕಾಣುತ್ತದೆ.

ಕೊಳ್ಳುವ ದಿನ ಒಂದು ಜಾಗ್ರತೆ. ಡಿಎಲ್‌ಸಿ ಹಿಂತಿರುಗಿಸಿ ದುಡ್ಡು ಪಡೆಯಲು ಸ್ಟೀಮ್‌ನ ನಿಯಮ: ಕೊಂಡು 14 ದಿನದೊಳಗೆ ಆಗಿರಬೇಕು, ಕೊಂಡ ಮೇಲೆ ಮೂಲ ಆಟವನ್ನು ಎರಡು ಗಂಟೆಗಿಂತ ಕಡಿಮೆ ಆಡಿರಬೇಕು. ಮೆನು ತೆರೆದಿಟ್ಟು ಊಟಕ್ಕೆ ಹೋದ ಹೊತ್ತೂ ಆಡಿದ ಲೆಕ್ಕಕ್ಕೇ ಸೇರುತ್ತದೆ. ಆದ್ದರಿಂದ ಪುರುಸೊತ್ತಿರುವ ಸಂಜೆ ಕೊಂಡು, ರಾಜೇಂದ್ರನ ಮೊದಲ ಪಂದ್ಯಕ್ಕೆ ಮುಕ್ಕಾಲು ಗಂಟೆ ಕೊಡು, ಆಮೇಲೆ ಕಂಪ್ಯೂಟರಿನ ಎದುರು ದ್ರಾವಿಡರಲ್ಲಿ ಒಂದು ಸ್ಕರ್ಮಿಶ್ (ಬಿಡಿ ಪಂದ್ಯ). ಇಷ್ಟರಲ್ಲಿ ಲ್ಯಾಪ್‌ಟಾಪ್ ತಡೆಯುತ್ತದೋ ಇಲ್ಲವೋ, ನಿನಗೆ ಹಿಡಿಸಿತೋ ಇಲ್ಲವೋ ಗೊತ್ತಾಗುತ್ತದೆ. ಬೇಡ ಅನ್ನಿಸಿದರೆ ಆಟ ಮುಚ್ಚಿ ಅದೇ ರಾತ್ರಿ ರಿಫಂಡ್ ಕೇಳು. ಹಿಡಿಸಿದರೆ ಆದಿತ್ಯವಾರ ಲಾಬಿಗೆ ಬಾ. ನೀನು ದ್ರಾವಿಡರನ್ನು ಇಟ್ಟುಕೋ, ನಿನ್ನ ಪಕ್ಕದಲ್ಲಿ ನೈಟ್ ಇರುವ ಸಿವ್ ಒಂದನ್ನು ನಾನು ಹಿಡಿಯುತ್ತೇನೆ.

ಇಂತಿ ನಿನ್ನ ಗೆಳೆಯ,
ಬದಿಯಡ್ಕದಿಂದ