ಸಹಿಗೆ ಮೊದಲಿನ ಮಾತು

ಉಡುಪಿ
ಆಟಿ ಅಮಾವಾಸ್ಯೆಯ ಮರುದಿನ

ಚಿರಂಜೀವಿ ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಮಳೆ ಬಿಟ್ಟಿಲ್ಲ, ಅಂಗಳವೆಲ್ಲ ಪಾಚಿ. ನಿನ್ನ ಮೇಲ್ ಬಂದು ನಾಲ್ಕು ದಿನವಾಯಿತು. ಫೋನಿನಲ್ಲಿ ಹೇಳಿದರೆ ನೀನು ‘ಆಯಿತು ದೊಡ್ಡಪ್ಪ’ ಎಂದು ಮಾತು ಮುಗಿಸಿಬಿಡುತ್ತೀ. ಅದಕ್ಕೇ ಕಾಗದ ಹಿಡಿದು ಕುಳಿತಿದ್ದೇನೆ.

ಮುಂದಿನ ವರ್ಷ ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ಪ್ರಾಯೋಗಿಕ ವೈದ್ಯಶಾಸ್ತ್ರದ ಎಂ.ಎಸ್ಸಿ.ಗೆ ಅರ್ಜಿ ಹಾಕುವುದು ಖಚಿತ ಎಂದಿದ್ದೀ. ಸಂತೋಷ. ನಡುವಿನ ಈ ಒಂದು ವರ್ಷಕ್ಕೆ ಮಂಗಳೂರಿನಲ್ಲಿ ಕ್ಲಿನಿಕಲ್ ಟ್ರಯಲ್ (ರೋಗಿಗಳ ಮೇಲೆ ಹೊಸ ಔಷಧಿಯ ಪರೀಕ್ಷೆ) ಕೋಆರ್ಡಿನೇಟರ್ ಕೆಲಸ ಸಿಕ್ಕಿದೆ. ಆದರೆ ಅದು ‘ಬರೀ ಫಾರಂ ತುಂಬಿಸಿ ಸಹಿ ಹಾಕಿಸುವ ಕೆಲಸ’, ಆರು ವರ್ಷ ಔಷಧಶಾಸ್ತ್ರದ ಫಾರ್ಮ್.ಡಿ. ಓದಿದವಳು ಅದನ್ನೇಕೆ ಮಾಡಬೇಕು, ಮನೆಯಲ್ಲೇ ಕುಳಿತು ಸಂಖ್ಯಾಶಾಸ್ತ್ರದ ಆನ್‌ಲೈನ್ ಕೋರ್ಸ್ ಮುಗಿಸುತ್ತೇನೆ ಎಂದೂ ಬರೆದಿದ್ದೀ. ಸಂಖ್ಯಾಶಾಸ್ತ್ರ ಖಂಡಿತ ಕಲಿ. ಆದರೆ ಆ ಕೆಲಸವನ್ನು ಬಿಡಬೇಡ. ಆ ಸಹಿಯ ಬಗ್ಗೆಯೇ ನಿನ್ನಲ್ಲಿ ಮಾತಾಡಬೇಕಾಗಿದೆ.

ನಿನಗೆ ಗೊತ್ತಿರುವ ಹಾಗೆ ನಾನು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿದವನು. ನಿವೃತ್ತನಾದ ಮೇಲೆ ಒಂದು ಆಸ್ಪತ್ರೆಯ ನೈತಿಕ ಸಮಿತಿಗೆ ನನ್ನನ್ನು ಕರೆದರು. ಹೊಸ ಔಷಧಿಯ ಪರೀಕ್ಷೆಗೆ ಒಪ್ಪಿಗೆ ಕೊಡುವ ಸಮಿತಿಯಲ್ಲಿ ವೈದ್ಯರಷ್ಟೇ ಇದ್ದರೆ ಸಾಲದು, ವೈದ್ಯವೃತ್ತಿಯ ಹೊರಗಿನ ಸಾಮಾನ್ಯ ಸದಸ್ಯರೊಬ್ಬರೂ ಇರಬೇಕು. 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಸಮಿತಿಯಲ್ಲಿ ಕನಿಷ್ಠ ಏಳು ಜನ, ಅವರಲ್ಲಿ ಅರ್ಧದಷ್ಟು ಆ ಸಂಸ್ಥೆಗೆ ಸೇರದವರು. ರೋಗಿಗೆ ಕೊಡುವ ಕನ್ನಡದ ಸಮ್ಮತಿ ಪತ್ರವನ್ನು ಓದಿ ನೋಡುವುದು ನನ್ನ ಪಾಲಿಗೆ ಬಂತು.

ಮೊದಲ ವರ್ಷದಲ್ಲೇ ಒಂದು ತಪ್ಪು ಮಾಡಿದೆ. ಯಾವ ಔಷಧಿ ಎಂದು ಬರೆಯುವ ಹಾಗಿಲ್ಲ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಸಂಬಂಧಿಸಿದ್ದು ಎಂದಷ್ಟು ಹೇಳಬಲ್ಲೆ. ಹದಿನಾಲ್ಕು ಪುಟದ ಪತ್ರ. ಅದರ ಐದನೆಯ ಪುಟದಲ್ಲಿ, ‘ತಮ್ಮನ್ನು ಯಾದೃಚ್ಛಿಕವಾಗಿ ಎರಡು ಗುಂಪುಗಳಲ್ಲೊಂದಕ್ಕೆ ನಿಯೋಜಿಸಲಾಗುವುದು’ ಎಂದಿತ್ತು. ‘ಯಾದೃಚ್ಛಿಕ’ದ ಛಕಾರಕ್ಕೆ ಚಕಾರ ಬಿದ್ದಿತ್ತು. ಕೆಂಪು ಶಾಯಿಯಲ್ಲಿ ತಿದ್ದಿದೆ, ‘ಭಾಷೆ ಸರಿಯಿದೆ’ ಎಂದು ಬರೆದುಕೊಟ್ಟೆ. ಆರೇಳು ತಿಂಗಳು ಕಳೆದು ಪರಿಶೀಲನೆಗೆ ಹೋದಾಗ ಮಲ್ಪೆ ಕಡೆಯ ಒಬ್ಬ ಹೆಂಗಸು ಸಿಕ್ಕಿದರು. ಮೀನು ಮಾರಿ ಮೂರು ಮಕ್ಕಳನ್ನು ಸಾಕಿದವರು. ನಿಮಗೆ ಕೊಡುತ್ತಿರುವ ಮದ್ದು ಯಾವುದೆಂದು ಗೊತ್ತೇ ಎಂದು ಕೇಳಿದೆ. ಡಾಕ್ಟರು ತನ್ನ ಕಾಲು ನೋಡಿ, ತನಗೆ ಒಗ್ಗುವ ‘ಎಡ್ಡೆ ಮರ್ದ್’ (ಒಳ್ಳೆಯ ಮದ್ದು) ಆರಿಸಿ ಕೊಟ್ಟಿದ್ದಾರೆ ಎಂದರು. ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡಿದ್ದ ಮುಂದಿನ ಭೇಟಿಯ ಚೀಟಿಯನ್ನು ಬಿಚ್ಚಿ ನನಗೆ ತೋರಿಸಿದರು. ಆ ನಂಬಿಕೆಯನ್ನು ನೋಡಿ ನನಗೆ ಬಾಯಿ ಬರಲಿಲ್ಲ. ಡಾಕ್ಟರು ಏನನ್ನೂ ಆರಿಸಿರಲಿಲ್ಲ. ಆರಿಸಿದ್ದು ಕಂಪ್ಯೂಟರು, ಚೀಟಿ ಎತ್ತಿದ ಹಾಗೆ. ಅವರಿಗೆ ಬಂದದ್ದು ಹೊಸ ಮದ್ದೋ ಹಳೆಯದೋ ಡಾಕ್ಟರಿಗೇ ಗೊತ್ತಿರಲಿಲ್ಲ. ಐದನೆಯ ಪುಟದಲ್ಲಿ ಅದೆಲ್ಲ ಇತ್ತು, ಕೊನೆಯ ಪುಟದಲ್ಲಿ ಅವರ ಹೆಬ್ಬೆಟ್ಟೂ ಇತ್ತು, ಸಾಕ್ಷಿಯ ಸಹಿಯೂ ಇತ್ತು. ನಾನು ಅಕ್ಷರ ತಿದ್ದಿದೆನೇ ಹೊರತು, ಇದು ಯಾರಿಗೆ ತಿಳಿಯುತ್ತದೆ ಎಂದು ಕೇಳಲಿಲ್ಲ. ಈಗ ಯಾವ ಪತ್ರ ಬಂದರೂ ‘ಚೀಟಿ ಎತ್ತಿದ ಹಾಗೆ’ ಎಂದು ಬರೆಸದೆ ಬಿಡುವುದಿಲ್ಲ.

ಚೀಟಿ ಎತ್ತುವುದು ತಪ್ಪಲ್ಲ, ನಿನಗೆ ಅದನ್ನು ನಾನು ಹೇಳಬೇಕಾಗಿಲ್ಲ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸ್ಟ್ರೆಪ್ಟೊಮೈಸಿನ್ ಔಷಧಿಯನ್ನು ಕ್ಷಯಕ್ಕೆ ಪರೀಕ್ಷಿಸಿದ್ದು ಹಾಗೆಯೇ. ಮುಚ್ಚಿದ ಲಕೋಟೆ ಒಡೆದಾಗ 55 ಜನರಿಗೆ ಔಷಧಿ ಬಂತು, 52 ಜನರಿಗೆ ಬರೀ ವಿಶ್ರಾಂತಿ. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ 4 ಜನ ತೀರಿಕೊಂಡರು, ಎರಡನೆಯದರಲ್ಲಿ 14. ಎಲ್ಲರಿಗೂ ಸಾಲುವಷ್ಟು ಔಷಧಿಯೇ ಆಗ ಆ ದೇಶದಲ್ಲಿ ಇರಲಿಲ್ಲ, ಆದ್ದರಿಂದ ಚೀಟಿ ಎತ್ತಿದ್ದು ನ್ಯಾಯವೇ. ಆದರೆ 1948ರ ಆ ವರದಿಯ ಒಂದು ಸಂಗತಿ ನನ್ನನ್ನು ಕಾಡುತ್ತದೆ. ವಿಶ್ರಾಂತಿಯ ಗುಂಪಿನವರಿಗೆ, ತಾವು ಒಂದು ಪರೀಕ್ಷೆಯಲ್ಲಿದ್ದೇವೆ ಎಂಬುದನ್ನೇ ಹೇಳಿರಲಿಲ್ಲ. ವ್ಯಕ್ತಿ ತಾನಾಗಿ ಒಪ್ಪದೆ ಅವನ ಮೇಲೆ ಪ್ರಯೋಗ ಸಲ್ಲದು ಎಂದು, ನಾಜಿ ವೈದ್ಯರ ವಿಚಾರಣೆಯಿಂದ ಹುಟ್ಟಿದ ನ್ಯೂರೆಂಬರ್ಗ್ ಸಂಹಿತೆ ಸಾರಿದ್ದು 1947ರಲ್ಲಿ. ಅಂದಿನವರು ಹೇಳದೆ ಬಿಟ್ಟರು. ಇಂದು ನಾವು ಹದಿನಾಲ್ಕು ಪುಟ ಹೇಳುತ್ತೇವೆ. ಮಲ್ಪೆಯ ಆ ತಾಯಿಯ ಪಾಲಿಗೆ ಎರಡರಲ್ಲಿ ಏನು ವ್ಯತ್ಯಾಸ ಉಳಿಯಿತು, ಹೇಳು.

ಇನ್ನೊಂದು ವಿಷಯ, ನಿನ್ನೆಯ ಅಮಾವಾಸ್ಯೆಯಿಂದಲೇ ನೆನಪಾದದ್ದು. ಬೆಳಗ್ಗೆ ನಾನೂ ದೊಡ್ಡಮ್ಮನೂ ಪದ್ಧತಿಯಂತೆ ಪಾಲೆ ಮರದ ತೊಗಟೆಯ ಕಷಾಯ ಕುಡಿದೆವು. ಪಕ್ಕದ ಮನೆಯ ಹುಡುಗ ನಸುಕಿನಲ್ಲೇ ಹೋಗಿ, ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತಂದಿದ್ದ. ಮರ ಪಾಲೆಯೇ ಹೌದೇ ಎಂದು ನಾನು ಎಲೆ ತರಿಸಿ ನೋಡಿದೆ. ಕತ್ತಲಲ್ಲಿ ಕಾಸರಕದ ತೊಗಟೆ ತಂದು ಪ್ರಾಣಕ್ಕೆ ಕುತ್ತು ತಂದುಕೊಂಡವರು ನಮ್ಮ ಜಿಲ್ಲೆಗಳಲ್ಲಿ ಇದ್ದಾರೆ. ಅದರಲ್ಲಿರುವುದು ಸ್ಟ್ರಿಕ್ನಿನ್ ಎಂಬ ವಿಷ. ಈಗ ಯೋಚಿಸು. ನಿನ್ನ ಟ್ರಯಲ್‌ನಲ್ಲಿರುವ ರೋಗಿಯೊಬ್ಬ ಈ ವಾರ ಆಸ್ಪತ್ರೆಗೆ ಬರುತ್ತಾನೆ. ‘ಬೇರೆ ಯಾವುದಾದರೂ ಔಷಧಿ ತೆಗೆದುಕೊಂಡಿದ್ದೀರಾ?’ ಎಂಬ ಕಾಲಂ ನಿನ್ನ ಮುಂದಿದೆ. ಅವನು ‘ಇಲ್ಲ’ ಎನ್ನುತ್ತಾನೆ. ಸುಳ್ಳಲ್ಲ ಅದು. ಕಷಾಯವನ್ನು ಔಷಧಿ ಎಂದು ಯಾರು ಕರೆಯುತ್ತಾರೆ? ಮೊನ್ನೆ ಕಟ್ಟಿಸಿಕೊಂಡ ನಾಟಿ ಮದ್ದೂ ಅವನ ಲೆಕ್ಕದಲ್ಲಿ ಬೇರೆಯೇ. ನೀನು ‘ಇಲ್ಲ’ ಎಂದು ಬರೆದುಕೊಳ್ಳುತ್ತೀ. ನಾಡಿದ್ದು ಯಕೃತ್ತಿನ ಪರೀಕ್ಷೆಯಲ್ಲಿ ಏರುಪೇರು ಕಂಡರೆ ಅದು ಹೊಸ ಔಷಧಿಯ ತಲೆಗೆ ಬರುತ್ತದೆ. ಗಂಭೀರವಾದ ತೊಂದರೆಯಾದರೆ 24 ಗಂಟೆಯೊಳಗೆ ವರದಿ ಹೋಗಬೇಕು, ಆ ವರದಿಯೂ ನೀನು ಬರೆದ ‘ಇಲ್ಲ’ದ ಮೇಲೆಯೇ ನಿಲ್ಲುತ್ತದೆ. ಮಾಂಟ್ರಿಯಲ್‌ನಲ್ಲಿ ಕುಳಿತು ಎಂಥ ಸಂಖ್ಯಾಶಾಸ್ತ್ರ ಹಚ್ಚಿದರೂ ಆ ‘ಇಲ್ಲ’ ‘ಹೌದು’ ಆಗುವುದಿಲ್ಲ. ‘ಅಮಾವಾಸ್ಯೆಗೆ ಕಷಾಯ ಆಯಿತಾ?’ ಎಂದು ಕೇಳಲು ತಿಳಿದವಳೊಬ್ಬಳು ಎದುರು ಕುಳಿತಿದ್ದರೆ ಮಾತ್ರ ಆದೀತು. ನಿನಗೆ ತುಳು ಬರುತ್ತದೆ, ಅಮ್ಮನ ಕಡೆಯ ಕೊಂಕಣಿ ಬರುತ್ತದೆ. ಬ್ಯಾರಿ ಮಾತಾಡುವವರೊಂದಿಗೆ ಒಂದು ವರ್ಷ ಒಡನಾಡಿದರೆ ಅದೂ ಕಿವಿಗೆ ಬೀಳುತ್ತದೆ. ಇದನ್ನು ನಿನ್ನ ಅರ್ಜಿಯಲ್ಲಿ ಬರೆಯಲು ಕಾಲಂ ಇಲ್ಲದಿರಬಹುದು. ಆದರೂ ನಿನ್ನ ವಿದ್ಯೆಯಲ್ಲಿ ಅದು ಅರ್ಧ ಭಾಗ ಎಂದು ನಾನು ತಿಳಿದಿದ್ದೇನೆ.

ಸಂಶೋಧನೆಯ ಮೇಲೆ ನನಗೇಕೆ ಇಷ್ಟು ಅಕ್ಕರೆ ಎಂದು ನೀನು ಒಮ್ಮೆ ಕೇಳಿದ್ದೆ. ನನ್ನ ಚಿಕ್ಕಜ್ಜನಿಗೆ ಕ್ಷಯ. ಅವರನ್ನು ಊರಿನಿಂದ ದೂರದ ಸ್ಯಾನಿಟೋರಿಯಂನಲ್ಲಿ ಎರಡು ವರ್ಷ ಇಟ್ಟಿದ್ದರು. ಅವರ ಮಗಳು ಅಪ್ಪನನ್ನು ನೋಡಿದ್ದು ಗೇಟಿನ ಆಚೆಯಿಂದ, ಎರಡೇ ಸಲ. 1956ರಲ್ಲಿ ಮದ್ರಾಸಿನ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರದಲ್ಲಿ ಒಂದು ಪರೀಕ್ಷೆ ಆರಂಭವಾಯಿತು. ಬಡ ರೋಗಿಗಳಲ್ಲಿ ಕೆಲವರಿಗೆ ಸ್ಯಾನಿಟೋರಿಯಂನಲ್ಲಿ, ಉಳಿದವರಿಗೆ ಅವರ ಇಕ್ಕಟ್ಟಿನ ಮನೆಗಳಲ್ಲೇ, ಒಂದೇ ಬಗೆಯ ಔಷಧಿಗಳು ಒಂದು ವರ್ಷ. ಮನೆಯಲ್ಲಿದ್ದವರಿಗೆ ಊಟ ಕಡಿಮೆ, ವಿಶ್ರಾಂತಿ ಕಡಿಮೆ. ಆದರೂ 1959ರ ವರದಿಯ ಪ್ರಕಾರ ಅವರೂ ಹೆಚ್ಚುಕಡಿಮೆ ಅಷ್ಟೇ ಗುಣವಾದರು. ಮನೆಯವರಿಗೆ ರೋಗ ಹೆಚ್ಚಾಗಿ ಅಂಟಲೂ ಇಲ್ಲ. ಜಗತ್ತಿನ ಎಷ್ಟೋ ಮಕ್ಕಳ ಅಪ್ಪಂದಿರು ಆ ಬಳಿಕ ಮನೆಯಲ್ಲೇ ಉಳಿದರು. ಚಿಕ್ಕಜ್ಜನ ಪಾಲಿಗೆ ತಡವಾಯಿತು. ಆ ಪರೀಕ್ಷೆಯಲ್ಲಿ ಮನೆಮನೆಗೆ ಹೋಗಿ, ಮಾತ್ರೆ ನುಂಗಿದಿರಾ ಎಂದು ವಿಚಾರಿಸಿದವರನ್ನು ನಾನು ಆಗಾಗ ನೆನೆಯುತ್ತೇನೆ. ನಿನಗೆ ಸಿಕ್ಕಿರುವುದು ಅಂಥವರ ಕೆಲಸ.

ಉಳಿದದ್ದು ಚುಟುಕಾಗಿ. ಎಂ.ಎಸ್ಸಿ.ಗೆ ಮಾರ್ಗದರ್ಶಕರನ್ನು ನೀನೇ ಹುಡುಕಿಕೊಳ್ಳಬೇಕು ಎಂದು ಬರೆದಿದ್ದೀ. ಹಾಗಾದರೆ ವಿಶ್ವವಿದ್ಯಾಲಯದ ಹೆಸರಿಗಿಂತ ಅವರನ್ನು ವಿಚಾರಿಸು, ಅವರ ಹಳೆಯ ವಿದ್ಯಾರ್ಥಿಗಳಿಗೆ ಬರೆದು ಕೇಳು. ಹಣದ ಮಾತನ್ನು ಅಪ್ಪನಲ್ಲಿ ನಾನು ಆಡುತ್ತೇನೆ. ಕೆಲಸಕ್ಕೆ ಸೇರಿದ ಮೇಲೆ ಹಳೆಯ ತಾರೀಖು ಹಾಕಿ ಸಹಿ ಮಾಡು ಎಂದು ಯಾರೇ ಹೇಳಲಿ, ಮಾಡಬೇಡ. ಆ ದಿನವೇ ನನಗೆ ಫೋನ್ ಮಾಡು.

ಚೌತಿಗೆ ಬರುತ್ತೀಯಷ್ಟೆ. ಬರುವಾಗ ಯಾವುದಾದರೂ ಖಾಲಿ ಸಮ್ಮತಿ ಪತ್ರದ ಮಾದರಿ ತಾ. ದೊಡ್ಡಮ್ಮ ರೋಗಿ, ನಾನು ಸಾಕ್ಷಿ. ಎರಡು ಗುಂಪು ಯಾಕೆ, ಚೀಟಿ ಯಾಕೆ, ನಡುವೆ ಬೇಡವೆನಿಸಿದರೆ ಬಿಟ್ಟುಹೋಗಬಹುದೇ, ಎಲ್ಲವನ್ನೂ ಅವಳಿಗೆ ಹೇಳು. ಅವಳು ತಲೆಯಾಡಿಸಿದರೆ ಲೆಕ್ಕಕ್ಕಿಲ್ಲ. ಅವಳೇ ತನ್ನ ಮಾತಿನಲ್ಲಿ ತಿರುಗಿ ನಿನಗೆ ಹೇಳಬೇಕು. ಆಮೇಲೆ ಪೆನ್ನು ಕೊಡು. ಪತ್ರೊಡೆಗೆ ಎಲೆ ಈಗಲೇ ನೋಡಿಟ್ಟಿದ್ದಾಳೆ.

ಇಂತು,
ನಿನ್ನ ದೊಡ್ಡಪ್ಪ